ಗಂಗಣ್ಣನ ಕಿಟಕಿಯಲ್ಲಿ ‘ಅದು’ ಸಿಗುವುದಿಲ್ಲ

ಮಾಕಳಿಯ ನಮ್ಮ ಬಾಡಿಗೆ ಮನೆಯ ಮೆಟ್ಟಿಲ ಕೆಳಗೆ ಒಂದು ಸಣ್ಣ ಕೋಣೆ, ಅದಕ್ಕೊಂದು ಕಿಟಕಿ. ಕಿಟಕಿಯ ಹಿಂದೆ ಮನೆಯ ಯಜಮಾನರಾದ ಗಂಗಹನುಮಯ್ಯನವರು ಕೂತಿರುತ್ತಿದ್ದರು. ಊರಿಗೆಲ್ಲ ಅವರು ಗಂಗಣ್ಣ. ಏನಾದರೂ ಬೇಕೆಂದು ಹೋಗಿ “ಗಂಗಣ್ಣ, ಅದು ಕೊಡ್ರಿ” ಎಂದಿರೋ, ಕೆಟ್ಟಿರಿ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ನಿಮ್ಮನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿ, “ಅದು ಅನ್ನೋ ಟೂಲು ನನ್ ತಾವ ಇಲ್ಲ ಕಣಮ್ಮ” ಎಂದು ಹೇಳಿ ಕಿಟಕಿಯ ಬಾಗಿಲು ಎಳೆದುಕೊಳ್ಳುತ್ತಿದ್ದರು.

ಮೊದಲ ಸಲ ನನಗೆ ಹೀಗಾದಾಗ ಮೈಯೆಲ್ಲ ಉರಿದುಹೋಗಿತ್ತು. ಬಾಡಿಗೆ ಕೊಡುವವಳು ನಾನು. ಸೋರುವುದು ಅವರದೇ ಮನೆಯ ನಲ್ಲಿ. ಬಿಗಿ ಮಾಡಲು ಏನಾದರೂ ಕೊಡಿ ಎಂದರೆ ಈ ಮನುಷ್ಯ ಕಿಟಕಿ ಹಾಕಿಕೊಳ್ಳುತ್ತಾನಲ್ಲ! ದಾವಣಗೆರೆಯಲ್ಲಿ ನಮ್ಮಪ್ಪನ ಮನೆಯಲ್ಲಾಗಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ಇಲ್ಲಿ ಸುಮ್ಮನೆ ಮೆಟ್ಟಿಲು ಹತ್ತಿ ಬಂದೆ. ಬಕೆಟ್ ಇಟ್ಟುಕೊಂಡು ಎರಡು ದಿನ ತಳ್ಳಿದೆ.

ಆ ಕೋಣೆ ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲದಷ್ಟು ಚಿಕ್ಕದು. ಬೇರೆ ಮನೆಗಳಲ್ಲಿ ಅಂಥ ಕಡೆ ಮುರಿದ ಸೈಕಲ್ಲು, ತೆಂಗಿನ ಸಿಪ್ಪೆ ಬಿದ್ದಿರುತ್ತವೆ. ಗಂಗಣ್ಣ ಗೋಡೆಗೆ ಹಲಗೆ ಹೊಡೆಸಿ, ಪ್ರತಿಯೊಂದು ಟೂಲಿನ ಆಕಾರವನ್ನೂ ಕಪ್ಪು ಬಣ್ಣದಲ್ಲಿ ಬರೆದು, ಆಯಾ ಟೂಲನ್ನು ಆಯಾ ಆಕಾರದ ಮೇಲೇ ತೂಗುಹಾಕಿದ್ದರು. ಯಾವುದನ್ನು ಯಾರೋ ಒಯ್ದಿದ್ದಾರೆ ಎಂಬುದು ಗೋಡೆ ನೋಡಿದರೆ ಗೊತ್ತಾಗುತ್ತಿತ್ತು. ಅವರು ಪೀಣ್ಯದ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ, ಇಂಥದ್ದೇ ಕಿಟಕಿಯ ಹಿಂದೆ ಕೂತು ಟೂಲ್ ಕೊಡುವ ಕೆಲಸ ಮಾಡಿ ನಿವೃತ್ತರಾದವರು. “ರಿಟೈರ್ ಆದೋರು ಮನೇಗ್ ಬತ್ತಾರೆ. ಇವ್ರು ಟೂಲ್ ರೂಮ್ನೇ ಒತ್ಕೊಂಡ್ ಬಂದವ್ರೆ” ಎಂದು ಅವರ ಹೆಂಡತಿ ಜಯಮ್ಮ ಎಲ್ಲರ ಮುಂದೂ ದೂರುತ್ತಿದ್ದರು.

ಕಾರ್ಖಾನೆಯ ಕಟ್ಟಳೆಯನ್ನೂ ಹೊತ್ತು ತಂದಿದ್ದರು. ಪ್ರತಿ ಬಾಡಿಗೆ ಮನೆಗೂ ಒಂದು ಹಿತ್ತಾಳೆ ಬಿಲ್ಲೆ. ನನ್ನ ಬಿಲ್ಲೆಯ ಮೇಲೆ ಶೈಲಾ ಎಂಬ ಹೆಸರಿಗೆ ಇಂಗ್ಲಿಷಿನ ಎಸ್ ಅಕ್ಷರವನ್ನು ತಾವೇ ಪಂಚ್ ಹೊಡೆದು ಕೊಟ್ಟಿದ್ದರು. ಟೂಲು ಬೇಕಾದರೆ ಹೆಸರು ಹೇಳಬೇಕು, ಬಿಲ್ಲೆ ಕೊಡಬೇಕು. ಖಾಲಿಯಾದ ಆಕಾರದ ಮೊಳೆಗೆ ಆ ಬಿಲ್ಲೆ ತೂಗಬೇಕು. ಟೂಲು ವಾಪಸ್ ಬಂದರೆ ಬಿಲ್ಲೆ ವಾಪಸ್. ಸ್ವಂತ ಮಗ ಊರಿಂದ ಬಂದು ಸ್ಕ್ರೂಡ್ರೈವರ್ ಕೇಳಿದರೂ ಇದೇ ನ್ಯಾಯ.

ನಾನು ಆ ಕಿಟಕಿಯ ಮುಂದೆ ವಿದ್ಯಾರ್ಥಿನಿಯಾಗಿ ನಿಲ್ಲಬೇಕಾಗಿ ಬಂದದ್ದು ಹೊಟ್ಟೆಪಾಡಿಗೆ. ನನ್ನ ಗಂಡ ವಿರೂಪಾಕ್ಷನ ಕಂಪನಿ ಆ ವರ್ಷ ಬಹಳ ಜನರನ್ನು ಕೆಲಸದಿಂದ ತೆಗೆದಿತ್ತು, ಅವರಲ್ಲಿ ಇವನೂ ಒಬ್ಬ. ಮಗಳು ಆಗಷ್ಟೇ ಶಾಲೆಗೆ ಸೇರಿದ್ದಳು. ಪರಿಚಯದವರ ಮೂಲಕ ನನಗೆ ಪೀಣ್ಯದ ಕಡೆಯ ಒಂದು ದೊಡ್ಡ ಆಫೀಸು ಕಟ್ಟಡದಲ್ಲಿ ಹೆಲ್ಪ್‌ಡೆಸ್ಕ್ ಕೆಲಸ ಸಿಕ್ಕಿತು. ಕಟ್ಟಡದಲ್ಲಿ ಏನು ಕೆಟ್ಟರೂ ಜನ ನನಗೆ ಫೋನ್ ಮಾಡುತ್ತಾರೆ. ನಾನು ಅದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಪ್ಲಂಬರ್‌ಗೋ ಎಲೆಕ್ಟ್ರಿಷಿಯನ್‌ಗೋ ಕಳಿಸಬೇಕು. ಇಷ್ಟೇ ಕೆಲಸ. ಇಷ್ಟೇ ನನಗೆ ಬರುತ್ತಿರಲಿಲ್ಲ.

ಡಿಗ್ರಿಯವರೆಗೆ ಓದಿದ್ದೆ, ಇಂಗ್ಲಿಷ್ ಪತ್ರಿಕೆ ಓದಿದರೆ ಅರ್ಥವಾಗುತ್ತಿತ್ತು. ಆದರೆ ಸಿಂಕಿನ ಕೆಳಗೆ ಇರುವುದಕ್ಕೆಲ್ಲ ನನಗೆ ಗೊತ್ತಿದ್ದದ್ದು ಒಂದೇ ಹೆಸರು, ಪೈಪು. ಎಲ್ಲ ದೂರಿಗೂ ‘ಪೈಪ್ ಪ್ರಾಬ್ಲಂ’ ಎಂದು ಬರೆದುಬಿಡುತ್ತಿದ್ದೆ. ಪ್ಲಂಬರ್ ಬಿಪಿನ್ ಒಡಿಶಾದ ಹುಡುಗ, ಕನ್ನಡ ಬಾರದು. ಪಾಪ, ಅಷ್ಟೂ ಸಾಮಾನು ಹೊತ್ತು ಮಹಡಿ ಹತ್ತಿ, ನೋಡಿ, ಬೇಕಾದದ್ದು ಮಾತ್ರ ಕೆಳಗೇ ಉಳಿದಿದೆಯೆಂದು ಮತ್ತೆ ಇಳಿದು ಬಂದು, “ಮೇಡಂ, ಕೌನ್ಸಾ ಪೈಪ್?” ಎನ್ನುತ್ತಿದ್ದ. ಒಂದು ದಿನ ಮ್ಯಾನೇಜರ್ ಕರೆದು, “ಶೈಲಾ, ಪ್ರೊಬೇಷನ್ ಮುಗಿಯೋದ್ರೊಳಗೆ ಇದು ಸರಿಹೋಗ್ಬೇಕು. ಇಲ್ಲಾಂದ್ರೆ ನಾನು ಏನೂ ಮಾಡೋಕಾಗಲ್ಲ” ಎಂದರು. ಬೈದಿದ್ದರೆ ಚೆನ್ನಾಗಿತ್ತು. ಅವರು ಮೆತ್ತಗೆ ಹೇಳಿದ್ದೇ ನನಗೆ ಭಯ ಹುಟ್ಟಿಸಿತು.

ಮನೆಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಒಳಗೆ ಹೋಗಿ ಗಂಡನ ಮುಂದೆ ಅಳುವಂತಿರಲಿಲ್ಲ, ಅವನ ನೋವೇ ಅವನಿಗೆ ಸಾಕಾಗಿತ್ತು. ಕಾಲ ಕೆಳಗೆ ಕಿಟಕಿ ತೆರೆಯಿತು.

“ಯಾರಮ್ಮ ಅದು, ಬೆಣ್ಣೆದೋಸೆ ಊರಮ್ಮನಾ? ಏನಾಯ್ತು?”

ಹೇಳಿದೆ. ಇಂಗ್ಲಿಷ್ ಬರುವುದಿಲ್ಲ, ಕೆಲಸ ಹೋಗುತ್ತದೆ ಎಂದೆ.

“ಇಂಗ್ಲಿಷು ನಂಗೂ ಬರಲ್ಲ. ಎಸ್ರು ಬತ್ತವೆ. ನಿಂಗ್ ಬೇಕಾಗಿರೋದೂ ಎಸ್ರೇ. ಅದ್ಕ್ಯಾಕ್ ಅಳ್ತೀಯ? ಮುಖ ತೊಳ್ಕೊಂಡ್ ಬಾ, ನಿಮ್ಮನೆ ನಲ್ಲಿ ಬಿಚ್ಚಾಣ.”

ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ ಎಂದೆ. “ಬುಕ್ ಗಿಕ್ ಬ್ಯಾಡ. ಕೈಗ್ ತಗೋ, ಬಿಚ್ಚು, ಆಮೇಲ್ ಎಸ್ರು” ಎಂದರು. ಅಂದಿನಿಂದ ಆಫೀಸು ಮುಗಿಸಿ ಬಂದು ಕಾಫಿ ಕುಡಿದ ಕೂಡಲೇ ನಮ್ಮ ಪಾಠ. ಅಡುಗೆಮನೆಯ ನೆಲದ ಮೇಲೆ ಹಳೆ ಪೇಪರ್ ಹಾಸಿ, ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟು, ಒಂದೊಂದನ್ನೂ ಮುಟ್ಟಿ ಜೋರಾಗಿ ಹೆಸರು ಹೇಳಬೇಕು. ಹ್ಯಾಂಡಲ್. ಸ್ಪಿಂಡಲ್. ವಾಷರ್. ಮತ್ತೆ ಜೋಡಿಸುವಾಗ ಹಿಂದಿನಿಂದ ಮುಂದಕ್ಕೆ ಹೇಳಬೇಕು. ಸಿಂಕಿನ ಕೆಳಗಿದ್ದ ನನ್ನ ಒಂದೇ ಪೈಪು ಎಷ್ಟೊಂದು ಜನರಾಗಿ ಒಡೆಯಿತು! ಗೋಡೆಯಿಂದ ಹೊರಬರುವುದು ಆಂಗಲ್ ವಾಲ್ವ್, ಅದರಿಂದ ನಲ್ಲಿಗೆ ಹೋಗುವುದು ಕನೆಕ್ಷನ್ ಪೈಪ್, ಕೊಳಕು ನೀರು ಇಳಿಯುವುದು ವೇಸ್ಟ್ ಪೈಪ್, ನಡುವೆ ಲೋಟದಂತೆ ಕೂತಿರುವುದು ಬಾಟಲ್ ಟ್ರ್ಯಾಪ್.

ಅವರಿಗೆ ಇಂಗ್ಲಿಷಿನ ವ್ಯಾಮೋಹವೇನೂ ಇರಲಿಲ್ಲ. ಸುತ್ತಿಗೆಯನ್ನು ಸುತ್ತಿಗೆ ಎಂದೇ ಕೇಳಬಹುದಿತ್ತು, ಆದರೆ ಯಾವ ಸುತ್ತಿಗೆ ಎಂದು ಹೇಳಬೇಕಿತ್ತು. ಮೊಳೆ ಕೀಳುವ ಕೊಂಬಿನದೋ, ತಲೆ ಗುಂಡಗಿರುವ ಬಾಲ್ ಪೀನೋ? ಅಷ್ಟು ಹೇಳದಿದ್ದರೆ ಕಿಟಕಿ ಮುಚ್ಚಿತು. “ನಮ್ ಫ್ಯಾಕ್ಟ್ರೀಲಿ ತಮಿಳ್ನೋರು, ತೆಲುಗ್ನೋರು, ಮಲಯಾಳದೋರು, ಬಿಹಾರ್ದೋರು ಎಲ್ಲಾ ಅವ್ರೆ. ಜಗಳ ಆಡೋಕ್ ಅವ್ರವ್ರ ಭಾಷೆ. ಸ್ಪ್ಯಾನರ್ಗೆ ಮಾತ್ರ ಎಲ್ರೂ ಸ್ಪ್ಯಾನರ್ ಅನ್ನೋರು” ಎಂದು ಒಂದು ದಿನ ಹೇಳಿದರು. ನನಗೆ ಬಿಪಿನ್‌ನ ಮುಖ ನೆನಪಾಯಿತು. ಅವನಿಗೂ ನನಗೂ ನಡುವೆ ಇದ್ದದ್ದು ಇಂಥ ನಾಲ್ಕು ಮಾತು ಮಾತ್ರ. ಅದನ್ನೂ ನಾನು ‘ಪೈಪ್ ಪ್ರಾಬ್ಲಂ’ ಮಾಡಿ ಕೊಡುತ್ತಿದ್ದೆ.

ನಿಮಗೆ ಕಲಿಸಿದವರು ಯಾರು ಎಂದು ಕೇಳಿದ್ದೆ. ಮಾಕಳಿಯ ಹೊಲ ಬಿಟ್ಟು ಕಸ ಗುಡಿಸುವ ಕೆಲಸಕ್ಕೆ ಕಾರ್ಖಾನೆಗೆ ಸೇರಿದಾಗ ಗಂಗಣ್ಣನಿಗೆ ಒಂದು ಟೂಲಿನ ಹೆಸರೂ ಗೊತ್ತಿರಲಿಲ್ಲವಂತೆ. ಟೂಲ್ ರೂಮಿನ ಕಿಟಕಿಯ ಮುಂದೆ ಬೇಕೆಂದೇ ನಿಧಾನವಾಗಿ ಗುಡಿಸುತ್ತ, ಯಾರು ಏನು ಕೇಳಿದರು, ಒಳಗಿನಿಂದ ಯಾವುದು ಬಂತು ಎಂದು ಕದ್ದು ನೋಡಿ ಕಲಿತರಂತೆ. “ಆ ಕಿಟಕೀನೇ ನಂಗ್ ಇಸ್ಕೂಲು. ಒಂದಿನ ಒಳಗಿದ್ದ ಮುದುಕಪ್ಪ ಕಸಬರಿಕೆ ಕಿತ್ಕೊಂಡು, ಬಾರಲೇ ಒಳಿಕ್ಕೆ, ಆ ಜಾಗ ಸವೆದೋಯ್ತು ಅಂದ” ಎಂದು ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಹೆಸರು ಬಂದರೂ ಫೋನ್ ಎಂದರೆ ನನಗೆ ನಾಲಿಗೆ ಒಣಗುತ್ತಿತ್ತು. ಅದಕ್ಕೂ ಅವರೇ ಮದ್ದು ಹುಡುಕಿದರು. ನಾನು ಮೇಲೆ ಅನ್ನಕ್ಕಿಟ್ಟಿರುವಾಗ ಮೊಬೈಲ್ ಹೊಡೆದುಕೊಳ್ಳುತ್ತಿತ್ತು. ಎತ್ತಿದರೆ ಕೆಳಗಿನಿಂದ ಗಂಗಣ್ಣ, ಯಾರೋ ದೊಡ್ಡ ಸಾಹೇಬರ ದನಿಯಲ್ಲಿ, “ಹಲೋ ಮೇಡಂ! ವಾಟರ್ ಕಮಿಂಗ್! ಫುಲ್ ವಾಟರ್! ಡೂ ಸಮ್‌ಥಿಂಗ್!”

“ವೇರ್ ಈಸ್ ಇಟ್ ಕಮಿಂಗ್ ಫ್ರಂ, ಸಾರ್?”

“ಐ ಡೋಂಟ್ ನೋ! ಯೂ ಟೆಲ್!”

ಹಿಂದಿನಿಂದ ಜಯಮ್ಮನ ನಗು. “ವಯಸ್ಸಾದ್ಮೇಲೆ ನಾಟಕದ್ ಉಚ್ಚು ನೋಡಮ್ಮ ಇವ್ರಿಗೆ!” ಆಮೇಲೆ ಸಾಹೇಬರ ದನಿ ಬಿಟ್ಟು ತಮ್ಮ ದನಿಗೆ ಇಳಿದು ಗಂಗಣ್ಣ ಹೇಳುತ್ತಿದ್ದರು: “ಅಂಗ್ ಕೇಳಿದ್ರೆ ಎದ್ರಿರೋರು ಏನ್ ಏಳ್ತಾರಮ್ಮ? ಮೊದ್ಲು ಬರೋ ನೀರಾ ಓಗೋ ನೀರಾ ಕೇಳು. ನೀರು ಚೆನ್ನಾಗೈತಾ, ಗಲೀಜಾಗೈತಾ? ಚೆನ್ನಾಗಿದ್ರೆ ವಾಲ್ವ್ ಮುಚ್ಸು. ಗಲೀಜಾಗಿದ್ರೆ ನಲ್ಲಿ ನಿಲ್ಸು. ಆಮೇಲ್ ಮಿಕ್ಕಿದ್ದು.”

ಪ್ರೊಬೇಷನ್ ಮುಗಿಯುತ್ತ ಬಂದಿದ್ದಾಗ ಒಂದು ಬೆಳಗ್ಗೆ ನಿಜವಾದ ಫೋನ್ ಬಂತು. ನಾಲ್ಕನೆಯ ಮಹಡಿಯ ಪ್ಯಾಂಟ್ರಿಯಿಂದ ಒಂದು ಹುಡುಗಿ ಇಂಗ್ಲಿಷಿನಲ್ಲಿ ಶುರುಮಾಡಿದವಳು, ಅರ್ಧಕ್ಕೆ ಕನ್ನಡಕ್ಕೆ ಬಿದ್ದು, “ಮೇಡಂ ಏನೋ ಕಿತ್ಕೊಂಡ್ಬಿಡ್ತು, ನೀರು ಚಿಮ್ತಿದೆ, ಪಕ್ಕದಲ್ಲೇ ಕರೆಂಟ್ ಇದೆ, ಬೇಗ ಬನ್ನಿ ಮೇಡಂ” ಎಂದು ಕಿರುಚುತ್ತಿದ್ದಳು. ಮ್ಯಾನೇಜರ್ ಎದುರಿಗೇ ನಿಂತಿದ್ದರು. ಆಗ ಕಿವಿಯಲ್ಲಿ ಕೇಳಿಸಿದ್ದು ‘ಐ ಡೋಂಟ್ ನೋ, ಯೂ ಟೆಲ್’. ನಗು ಬಂದುಬಿಟ್ಟಿತು, ಶಿವನಾಣೆ! ನಗು ಬಂದ ಮೇಲೆ ಉಸಿರೂ ಬಂತು.

“ಕರೆಂಟಿನ ಹತ್ರ ಯಾರೂ ಹೋಗ್ಬೇಡಿ. ನೀರು ಚೆನ್ನಾಗಿದೆಯಾ, ಗಲೀಜಾ?”

“ಚೆನ್ನಾಗಿದೆ ಮೇಡಂ.”

“ಸಿಂಕಿನ ಕೆಳಗೆ, ಗೋಡೇಲಿ ಸಣ್ಣ ಹಿಡಿ ಇರೋ ವಾಲ್ವ್ ಕಾಣತ್ತಾ? ಕೈಗೆ ಸಿಗತ್ತಾ? ಬಲಗಡೆಗೆ ತಿರುಗಿಸಿ. ಇನ್ನೂ. ಪೂರ್ತಿ.”

ಆ ಕಡೆ ನೀರಿನ ಸದ್ದು ನಿಂತಿತು. ಹುಡುಗಿ “ನಿಂತ್ಹೋಯ್ತು” ಎಂದಳು. ಅವಳಿಗಿಂತ ನನಗೇ ಹೆಚ್ಚು ಆಶ್ಚರ್ಯವಾಗಿತ್ತು. ಆ ಜಾಗದ ಕರೆಂಟ್ ತೆಗೆಸಿ, ‘ಕನೆಕ್ಷನ್ ಪೈಪ್ ಒಡೆದಿದೆ, ಆಂಗಲ್ ವಾಲ್ವ್ ಮುಚ್ಚಿದೆ, ಹೊಸ ಪೈಪ್ ಮತ್ತು ಅಡ್ಜಸ್ಟಬಲ್ ಸ್ಪ್ಯಾನರ್ ತರುವುದು’ ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಬಿಪಿನ್ ಒಂದೇ ಸಲಕ್ಕೆ ಹೋಗಿ ಮುಗಿಸಿಕೊಂಡು ಬಂದ. ಡೆಸ್ಕಿನ ಮುಂದೆ ಹಾದುಹೋಗುವಾಗ ಹೆಬ್ಬೆರಳೆತ್ತಿ ನಕ್ಕ. ಆ ತಿಂಗಳ ಕೊನೆಗೆ ಮ್ಯಾನೇಜರ್ ನನ್ನ ಕೆಲಸ ಖಾಯಂ ಎಂದರು.

ಮಿಠಾಯಿ ಡಬ್ಬ ಹಿಡಿದು ಬಸ್ಸಿಳಿದು ಓಡಿಬಂದು ಕಿಟಕಿಯ ಮುಂದೆ ನಿಂತೆ. ಕೆಲಸ ಖಾಯಂ ಆಗುವ ತನಕ ಹೇಳದೆ ಇಟ್ಟುಕೊಂಡಿದ್ದ ಫೋನಿನ ಕತೆಯನ್ನೂ ಹೇಳಿದೆ. ಗಂಗಣ್ಣ ಎಲ್ಲ ಕೇಳಿ, ಒಂದು ಪೇಡ ಬಾಯಿಗೆ ಹಾಕಿಕೊಂಡು, “ಪೈಪ್ ಜೊತೆ ವಾಷರ್ ತತ್ತಾ ಅಂತ ಬರ್ದಿದ್ಯಾ?” ಎಂದರು. ಬರೆದಿರಲಿಲ್ಲ. “ಮತ್ತೆ!” ಎಂದು ಇನ್ನೊಂದು ಪೇಡ ತೆಗೆದುಕೊಂಡರು. ಅಷ್ಟೇ ಹೊಗಳಿಕೆ. ಆದರೆ ಮರುದಿನ ಹಾಲಿನಂಗಡಿಯವನು, ಇಸ್ತ್ರಿಯವಳು, ಶನಿಮಹಾತ್ಮನ ಗುಡಿಯ ಪೂಜಾರಿ ಎಲ್ಲರೂ ನನ್ನನ್ನು ತಡೆದು, “ಫೋನ್ನಾಗೇ ನೀರ್ ನಿಲ್ಸಿದ್ರಂತೆ ಕಣಕ್ಕ?” ಎಂದು ಕೇಳಿದರು. ಬೀದಿಗೆಲ್ಲ ಯಾರು ಸಾರಿದ್ದರೆಂದು ಬೇರೆ ಹೇಳಬೇಕೆ?

ಮುಂದೆ ವಿರೂಪಾಕ್ಷನಿಗೂ ಕೆಲಸ ಸಿಕ್ಕಿತು. ಮಗಳ ಶಾಲೆಗೆ ಹತ್ತಿರವಾಗಲೆಂದು ನಾವು ಬೇರೆ ಮನೆಗೆ ಹೋದೆವು. ಬಿಡುವಾಗ ಬಿಲ್ಲೆ ವಾಪಸ್ ಕೊಡಲು ಹೋದರೆ ಗಂಗಣ್ಣ ತೆಗೆದುಕೊಳ್ಳಲಿಲ್ಲ. “ಮಡಿಕ್ಕೊ. ಟೂಲ್ ಬೇಕಾದ್ರೆ ಬರ್ಬೇಕಲ್ಲ ನೀನು” ಎಂದರು.

ಹೋದ ವರ್ಷ ಅವರಿಗೆ ಸ್ಟ್ರೋಕ್ ಆಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ನೋಡಲು ಹೋದೆ. ಪಡಸಾಲೆಯಲ್ಲಿ, ಮೆಟ್ಟಿಲ ಕೆಳಗಿನ ಕೋಣೆ ಕಾಣುವ ಹಾಗೆ ಮಂಚ ಹಾಕಿಸಿದ್ದರು. ಬಲಗೈ ಏಳುತ್ತಿರಲಿಲ್ಲ. ಅದಕ್ಕಿಂತ ಘೋರವೆಂದರೆ ಹೆಸರುಗಳು ಹೋಗಿದ್ದವು. ನನ್ನ ಗುರುತು ಸಿಕ್ಕಿತು, ಮುಖ ಅರಳಿತು, ಬಾಯಿ ತೆರೆದರೆ ಬಂದದ್ದು “ಅದು... ಅದು...” ಅಷ್ಟೇ. “ನೀರಿಗೂ ಅದು, ನಂಗೂ ಅದು, ಎಲ್ಲಾದ್ಕೂ ಅದೇ ಕಣಮ್ಮ” ಎಂದು ಜಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು. ನಾನು ಅಳಬಾರದೆಂದು ಹೋಗಿದ್ದೆ. ತಡೆಯಲಾಗಲಿಲ್ಲ.

ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಗಂಗಣ್ಣ ಮಲಗಿದ ಮೇಲೆ ಅದನ್ನು ಮುಟ್ಟಿದವರೇ ಇಲ್ಲವಂತೆ. ಏನಾದರೂ ಮಾಡದೆ ಕೂರಲು ನನ್ನಿಂದಾಗಲಿಲ್ಲ. ಎದ್ದು ಆ ಸಣ್ಣ ಕೋಣೆಗೆ ಹೋಗಿ, ಹಲಗೆಯಿಂದ ಅಡ್ಜಸ್ಟಬಲ್ ಸ್ಪ್ಯಾನರ್ ತೆಗೆದುಕೊಂಡು ಹೊರಬಂದೆ.

ಮಂಚದಿಂದ ಜೋರಾಗಿ ದನಿ ಬಂತು. “ಅದು! ಅದು!”

ಓಡಿಹೋದೆ. ನೀರು ಬೇಕಾ ಗಂಗಣ್ಣ? ತಲೆಯಾಡಿಸಿದರು, ಅಲ್ಲ. ದಿಂಬು ಸರಿಮಾಡ್ಲಾ? ಅಲ್ಲ. ಈ ಸ್ಪ್ಯಾನರ್ ಬೇಡ್ವಾ, ಪೈಪ್ ರೆಂಚ್ ತಗೊಳ್ಲಾ? ಅಲ್ಲ, ಅಲ್ಲ. ಎಡಗೈ ಎತ್ತಿ ಕೋಣೆಯ ಕಡೆಗೇ ತೋರಿಸುತ್ತಿದ್ದರು. ಸಿಟ್ಟಿನಲ್ಲಿ ಕಣ್ಣು ತುಂಬಿತ್ತು. ನಾನು ಗೊತ್ತಿದ್ದ ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳಿದೆ. ಅವರೇ ಕೊಟ್ಟ ಹೆಸರುಗಳು. ವಾಷರ್, ಸ್ಪಿಂಡಲ್, ಪ್ಲೈಯರ್, ಸ್ಕ್ರೂಡ್ರೈವರ್. ಯಾವುದೂ ಅಲ್ಲ. ಅವರ ಕೈ ಹೋದ ದಿಕ್ಕಿಗೇ ತಿರುಗಿ ನೋಡಿದೆ. ಹಲಗೆಯ ಮೇಲೆ ಸ್ಪ್ಯಾನರಿನ ಕಪ್ಪು ಆಕಾರ ಬರಿದಾಗಿತ್ತು. ಮೊಳೆ ಬೋಳಾಗಿತ್ತು.

“ಬಿಲ್ಲೆನಾ ಗಂಗಣ್ಣ?” ಎಂದೆ.

ಕೈ ಕೆಳಗಿಳಿಯಿತು. ತುಟಿ ಓರೆಯಾಗಿ ನಕ್ಕರು. ಪರ್ಸಿನ ಮೂಲೆಯಿಂದ ಎಸ್ ಅಕ್ಷರದ ನನ್ನ ಹಿತ್ತಾಳೆ ಬಿಲ್ಲೆ ತೆಗೆದು, ಅವರಿಗೆ ಕಾಣುವಂತೆ ಎತ್ತಿ ಹಿಡಿದು ತೋರಿಸಿ, ಆ ಮೊಳೆಗೆ ತೂಗುಹಾಕಿದೆ. ಆಮೇಲೆ ನಲ್ಲಿ ಬಿಚ್ಚಿದೆ. ಒಂದೊಂದನ್ನೂ ಪೇಪರಿನ ಮೇಲೆ ಇಡುತ್ತ, ಪಡಸಾಲೆಗೆ ಕೇಳುವಷ್ಟು ಜೋರಾಗಿ ಹೆಸರು ಹೇಳುತ್ತ ಹೋದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು ಎಂದು ಜಯಮ್ಮ ಆಮೇಲೆ ಹೇಳಿದರು.

ಕೈ ತೊಳೆದು ಸ್ಪ್ಯಾನರನ್ನು ಜಾಗಕ್ಕಿಡಲು ಹೋದಾಗ ಗಂಗಣ್ಣ ಬೇಡವೆಂದು ತಲೆಯಾಡಿಸಿದರು. ಎಡಗೈಯಿಂದ ನನ್ನ ಚೀಲ ತೋರಿಸಿದರು. ಈ ಸಲ ಹೆಸರು ಬೇಕಾಗಲಿಲ್ಲ. ಒಯ್ಯು, ಮತ್ತೆ ತಂದುಕೊಡಲು ಬಾ ಎಂದು ಆ ಕೈಯೇ ಹೇಳಿತು, ಅಷ್ಟೇ.

ನಾನು ತಂದುಕೊಡುವ ಮೊದಲೇ ಅವರು ಹೋಗಿಬಿಟ್ಟರು. ತಿಥಿಯ ದಿನ ಜಯಮ್ಮ, “ಬಿಲ್ಲೆ ತಗೊಂಡೋಗಮ್ಮ, ಇನ್ ಯಾರ್ ಕೇಳ್ತಾರೆ” ಎಂದು ಅದನ್ನು ಮೊಳೆಯಿಂದ ಬಿಡಿಸಲು ಹೋದರು. ಬೇಡ ಜಯಮ್ಮ, ಇರಲಿ ಬಿಡ್ರಿ ಎಂದೆ. ಸ್ಪ್ಯಾನರ್ ನನ್ನ ಮನೆಯಲ್ಲಿದೆ. ಟೂಲು ಹೊರಗಿರುವ ತನಕ ಬಿಲ್ಲೆ ಆ ಮೊಳೆಯ ಮೇಲೇ ಇರಬೇಕು.