ಸಿದ್ದಯ್ಯನಿಗೆ ಬೂಟು ಹಾಕಿಸಿದವನು ನಾನೇ

ಕಳೆದ ಭಾನುವಾರ ಹಾಸನದ ಮೈದಾನದಲ್ಲಿ ಐದು ಗೋಲಾದವು. ಐದಕ್ಕೂ ನಾನು ಅಲ್ಲೇ ಇದ್ದೆ, ಅದೂ ಮುಂದಿನ ಸಾಲಿನ ಕುರ್ಚಿಯಲ್ಲಿ, ಎದೆಗೆ ಸ್ವಾಗತ ಸಮಿತಿಯ ರಿಬ್ಬನ್ ಚುಚ್ಚಿಕೊಂಡು. ಒಂದು ಗೋಲನ್ನೂ ನಾನು ನೋಡಲಿಲ್ಲ.

ನಿದ್ದೆ ಮಾಡಿದೆನೇ? ಇಲ್ಲ. ಪಕ್ಕದ ಕುರ್ಚಿಯ ವಕೀಲರ ಜೊತೆ ಹರಟಿದೆನೇ? ಅದೂ ಇಲ್ಲ. (ಅವರು ಹರಟಿದರು, ನಾನು ಹೂಂಗುಟ್ಟಿದೆ.) ಆಟ ಶುರುವಾಗುವ ಅರ್ಧ ಗಂಟೆ ಮೊದಲು ಒಬ್ಬರು ನನಗೊಂದು ಮಾತು ಹೇಳಿದ್ದರು. ಆಮೇಲೆ ಕಣ್ಣು ತೆರೆದೇ ಇತ್ತು, ಆದರೆ ಎದುರಿಗಿದ್ದ ಆಟ ಕಾಣಲಿಲ್ಲ.

ಬಂದಿದ್ದ ಟೀಮು ಯಾವುದೆಂದು ನಿಮಗೆ ಗೊತ್ತೇ ಇದೆ. ಬೆಂಗಳೂರಿನ ಕಾರ್ಖಾನೆ ಕ್ಲಬ್ಬು. ಹನ್ನೆರಡು ವರ್ಷದ ಹಿಂದೆ ಅದಕ್ಕೆ ಹೇಳಿಕೊಳ್ಳುವಂಥ ಹೆಸರಿರಲಿಲ್ಲ, ಬಟ್ಟೆ ಬದಲಾಯಿಸಲು ಒಂದು ತಗಡಿನ ಶೆಡ್ಡಿತ್ತು ಅಷ್ಟೆ. ಇವತ್ತು ಕಲ್ಕತ್ತೆಗೆ ಹೋಗಿ ಕಲ್ಕತ್ತೆಯವರ ಬೆವರಿಳಿಸಿ ಬರುತ್ತದೆ. ಆಟಗಾರರೆಲ್ಲ ಹೆಸರಿಗೆ ಫಿಟ್ಟರು, ಟರ್ನರು. ಬೆಳಿಗ್ಗೆ ಗೇಟಿನಲ್ಲಿ ಹಾಜರಿ ಹಾಕುವುದು, ನೇರ ಮೈದಾನಕ್ಕೆ ನಡೆಯುವುದು. ತಿಂಗಳಾದರೆ ಸಂಬಳ, ಇರಲು ಕ್ವಾರ್ಟರ್ಸು, ಕಾಯಿಲೆ ಬಿದ್ದರೆ ಡಾಕ್ಟರು. ಚೆಂಡು ಒದ್ದರೆ ಸಂಬಳ ಕೊಡುತ್ತಾರೆಂದು ನಮ್ಮ ತಂದೆಯವರ ಕಾಲದಲ್ಲಿ ಯಾರಾದರೂ ಹೇಳಿದ್ದರೆ ಹಿಡಿದು ಕೂರಿಸಿ ತಲೆಗೆ ನಿಂಬೆಹಣ್ಣು ತಿಕ್ಕುತ್ತಿದ್ದರು.

ಸೋಮವಾರ ಪೇಪರ್ ಬಂದ ಕೂಡಲೇ ನಾನು ಆಟೋಟದ ಪುಟ ತೆಗೆಯುತ್ತೇನೆ. ಆ ಕ್ಲಬ್ಬಿನ ಆಟಗಾರರ ಪಟ್ಟಿ ಓದುತ್ತೇನೆ. ಪಟ್ಟಿಯ ಕಟ್ಟಕಡೆಯ ಹೆಸರು ಲೆಫ್ಟ್ ಔಟ್‌ನದು, ಅಂದರೆ ಎಡಗಡೆಯ ಗೆರೆ ಹಿಡಿದು ಓಡುವವನದು. ಆ ಜಾಗದಲ್ಲಿ ಒಂದು ಹೆಸರು ಇರಬೇಕಿತ್ತು. ಇರುವುದಿಲ್ಲ ಎಂದು ಗೊತ್ತು. ಆದರೂ ನೋಡುತ್ತೇನೆ. "ಯಾರ ರಿಸಲ್ಟು ಹುಡುಕ್ತಿದ್ದೀರಿ ಪ್ರತಿ ವಾರ?" ಎಂದು ನನ್ನ ಹೆಂಡತಿ ರೇಗಿಸುತ್ತಾಳೆ.

ಆ ಹೆಸರು ಸಿದ್ದಯ್ಯ.

ಆಗ ನಮ್ಮ ಹಾಸನದ ಟೀಮಿಗೆ ಸ್ಕೂಲು ಮೇಷ್ಟ್ರಾದ ನಾನು ಸೆಕ್ರೆಟರಿ. (ಆಡಲು ಬಾರದವರನ್ನು ಸೆಕ್ರೆಟರಿ ಮಾಡುವುದು ಎಲ್ಲ ಊರಿನ ವಾಡಿಕೆ.) ಸಿದ್ದಯ್ಯ ದಂಡಿಗನಹಳ್ಳಿ ಕಡೆಯ ಒಂದು ಸಣ್ಣ ಹಳ್ಳಿಯವನು. ಚನ್ನರಾಯಪಟ್ಟಣದಲ್ಲಿ ಮಿಡ್ಲ್ ಸ್ಕೂಲು ಓದುವಾಗ ಡ್ರಿಲ್ ಮೇಷ್ಟ್ರಿಂದ ಚೆಂಡಿನಾಟ ಕಲಿತವನು. ಆಮೇಲೆ ಓದು ಬಿಟ್ಟು ಊರಿನ ಗೌಡರ ಹೊಲದಲ್ಲಿ ಕೂಲಿಗೆ ನಿಂತ. ಭಾನುವಾರ ಬಸ್ಸು ಹಿಡಿದು ಬಂದು ನಮ್ಮ ಟೀಮಿಗೆ ಆಡುವುದು, ಸಂಜೆ ಬಸ್ಸಿಗೆ ವಾಪಸ್ಸು. ಇಪ್ಪತ್ತು ಇಪ್ಪತ್ತೊಂದರ ಪ್ರಾಯ.

ಬರಿಗಾಲಿನ ಆಟ. ಪಾದಕ್ಕೆ ಒಂದು ಸುತ್ತು ಬಟ್ಟೆ, ಅಷ್ಟೆ. ಎಡಗಾಲಿನ ಹೆಬ್ಬೆರಳಲ್ಲಿ ಚೆಂಡನ್ನು ಒಂದಿಷ್ಟೇ ಇಷ್ಟು ಮೀಟಿದನೆಂದರೆ ಎದುರಾಳಿಗಳು ಒಂದು ದಿಕ್ಕಿಗೆ, ಚೆಂಡು ಇನ್ನೊಂದು ದಿಕ್ಕಿಗೆ. ಹೊಳೆನರಸೀಪುರದ ಬ್ಯಾಕ್ ಒಬ್ಬ ಸುಸ್ತಾಗಿ ಮೈದಾನದ ಮಧ್ಯೆಯೇ ಕುಕ್ಕರಿಸಿ, "ಇವನ್ನ ಇಡ್ಯಕ್ಕೆ ಬಲೆ ತರ್ಬೇಕು ಕಣ್ರಲಾ, ಕಾಲಲ್ಲಿ ಆಗಾಕಿಲ್ಲ" ಎಂದಿದ್ದ. ನಾನು ನೂರಾರು ಆಟ ನೋಡಿದ್ದೇನೆ. ಅಂಥ ಕಾಲು ನೋಡಿಲ್ಲ.

ನಮ್ಮ ಟೀಮಿನ ಬಗ್ಗೆ ನನಗೊಂದು ಜಂಬವಿತ್ತು. ಗೌಡರ ಮಗ, ಶಾನುಭೋಗರ ಮಗ, ಸಾಬರ ಮಗ, ಕೇರಿಯ ಸಿದ್ದಯ್ಯ, ಎಲ್ಲರಿಗೂ ಆಟ ಮುಗಿದ ಮೇಲೆ ಒಂದೇ ತಪ್ಪಲೆಯ ಚಿತ್ರಾನ್ನ. ನಮ್ಮಲ್ಲಿ ಭೇದಭಾವ ಇಲ್ಲ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ಈ ಅಂಕಣದಲ್ಲೂ ಒಂದೆರಡು ಸಲ ಕೊಚ್ಚಿಕೊಂಡಿರಬೇಕು. ದಯವಿಟ್ಟು ಅದನ್ನು ಮರೆತುಬಿಡಿ.

ನಾವು ಮಾಡುತ್ತಿದ್ದ ಇನ್ನೊಂದು ಘನಕಾರ್ಯವನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಅದೇ ಎರವಲು ಆಟಗಾರರು. ಟೂರ್ನಮೆಂಟ್ ಬಂತೆಂದರೆ ಹೊರಗಿನ ಊರಿನ ಭಾರೀ ಆಟಗಾರನೊಬ್ಬನನ್ನು ಗುಟ್ಟಾಗಿ ಕರೆಸಿ, ಊರಿನವನೊಬ್ಬನ ಹೆಸರಿನಲ್ಲಿ ಆಟಕ್ಕಿಳಿಸುವುದು. ಒಂದು ವರ್ಷ ಅರಕಲಗೂಡಿನಲ್ಲಿ ಮೈಸೂರಿನವನೊಬ್ಬನನ್ನು ನಮ್ಮ ಪೋಸ್ಟ್‌ಮ್ಯಾನ್ ಹೆಸರಿನಲ್ಲಿ ಆಡಿಸಿ ಸಿಕ್ಕಿಬಿದ್ದೆವು. ಆಟದ ಮಧ್ಯೆ ನಿಜವಾದ ಪೋಸ್ಟ್‌ಮ್ಯಾನ್ "ಗೋಲ್!" ಎಂದು ಕೂಗಿಕೊಂಡು ಮೈದಾನಕ್ಕೇ ನುಗ್ಗಿಬಿಟ್ಟಿದ್ದ. ಜನ ಬಿದ್ದು ಬಿದ್ದು ನಕ್ಕರು.

ಆವತ್ತೇ, ಅದೇ ಅರಕಲಗೂಡಿನಲ್ಲಿ, ಮಲ್ಲಿಪಟ್ಟಣದವರ ಮೇಲೆ ಸಿದ್ದಯ್ಯ ಮೂರು ಗೋಲು ಹೊಡೆದ. ಆಚೆ ಹೊಂಗೆ ಮರದ ಕೆಳಗೆ ಹ್ಯಾಟು ಹಾಕಿಕೊಂಡ ಒಬ್ಬರು ಕೂತು ನೋಡುತ್ತಿದ್ದರು. ಹೊಸ ಕಾರ್ಖಾನೆ ಕ್ಲಬ್ಬಿಗೆ ಆಟಗಾರರನ್ನು ಹುಡುಕುತ್ತಾ ಊರೂರು ತಿರುಗುತ್ತಿದ್ದ ಕೋಚ್ ಮುನಿಸ್ವಾಮಿ. ವಾರದೊಳಗೆ ನನಗೆ ಕಾಗದ ಬಂತು. ನಿಮ್ಮ ಲೆಫ್ಟ್ ಔಟ್‌ನನ್ನು ಟ್ರಯಲ್‌ಗೆ ಕಳಿಸಿ, ಪಾಸಾದರೆ ಕಾರ್ಖಾನೆಯಲ್ಲಿ ಕೆಲಸ.

ಅಬ್ಬಾ, ಆ ಕಾಗದವನ್ನು ಎಷ್ಟು ಜನ ಎಷ್ಟು ಸಲ ಓದಿದರು! ಸಿದ್ದಯ್ಯ ಮಾತ್ರ ಓದಲಿಲ್ಲ. ಮಡಿಚಿ ಕಣ್ಣಿಗೊತ್ತಿಕೊಂಡು ನನಗೇ ವಾಪಸ್ಸು ಕೊಟ್ಟ. "ನಿಮ್ ತಾವೇ ಇರ್ಲಿ ಸಾ, ನಮ್ಮನೇಲಿ ನೆನ್ದೋಯ್ತದೆ" ಎಂದ.

ಇನ್ನು ನನ್ನ ಬುದ್ಧಿವಂತಿಕೆಗೆ ಬರೋಣ. ನಮ್ಮೂರ ಆಟಗಾರ ಬೆಂಗಳೂರಿಗೆ ಬರಿಗಾಲಲ್ಲಿ ಹೋಗುವುದೇ? ಹಾಸನದ ಮರ್ಯಾದೆ ಏನಾಗಬೇಕು? ದೊಡ್ಡ ಟೂರ್ನಮೆಂಟುಗಳಲ್ಲೆಲ್ಲ ಬೂಟು ಕಡ್ಡಾಯ ಮಾಡುತ್ತಿದ್ದಾರಂತೆ ಎಂದು ಪೇಪರಿನಲ್ಲಿ ಬೇರೆ ಓದಿದ್ದೆ. ಎಲ್ಲರೂ ಸೇರಿ ಮೈಸೂರಿನಿಂದ ಬೂಟು ತರಿಸಿದೆವು. ಕಂದು ಬಣ್ಣದ, ಅಟ್ಟೆಯ ಅಡಿಗೆ ಜಾರದಂತೆ ಗುಬುಟು ಹೊಡೆದ, ಮೂಗಿಗೆ ಚರ್ಮದ ವಾಸನೆ ಹೊಡೆಯುವ ಹೊಚ್ಚ ಹೊಸ ಬೂಟು. ಟ್ರಯಲ್‌ಗೆ ಇನ್ನೂ ಹದಿನೈದು ದಿನವಿತ್ತು. "ದಿನಾ ಹಾಕ್ಕೊಂಡು ಓಡಾಡು, ಕಾಲಿಗೆ ಒಗ್ಗುತ್ತೆ" ಎಂದು ಅಪ್ಪಣೆ ಮಾಡಿದೆ. ಅವನು "ಆಗ್ಲಿ ಸಾ" ಎಂದು ಎದೆಗೆ ಅವುಚಿಕೊಂಡು ಬಸ್ಸು ಹತ್ತಿದ. ಆ ಹದಿನೈದು ದಿನ ನಮಗೆ ಆಟವಿರಲಿಲ್ಲ, ಟ್ರಯಲ್‌ವರೆಗೆ ಅವನನ್ನು ನಾನು ನೋಡಲೇ ಇಲ್ಲ.

ಟ್ರಯಲ್ ದಿನ ಏನಾಯಿತು? ಚೆಂಡು ಬಂದರೆ ಕಾಲಿಗೆ ತಗುಲಿ ಎಲ್ಲೋ ಹಾರುತ್ತಿತ್ತು. ತಿರುಗಲು ಹೋಗಿ ಬಿದ್ದ. ಎದ್ದು ಓಡಿ ಮತ್ತೆ ಬಿದ್ದ. ಕೋಚ್ ಇಪ್ಪತ್ತು ನಿಮಿಷ ನೋಡಿ, "ಸಾಕು, ಹೋಗಪ್ಪ" ಎಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ವಾಪಸ್ಸು ಬರುವ ಬಸ್ಸಿನಲ್ಲಿ ನಾನು ಬೆಳ್ಳೂರು ದಾಟುವ ತನಕ ಬೈದೆ. "ಹದಿನೈದು ದಿನ ಇತ್ತಲ್ಲೋ! ಒಂದು ದಿನವಾದರೂ ಪ್ರಾಕ್ಟೀಸ್ ಮಾಡಿದೆಯಾ? ಸೋಮಾರಿ!" ಅವನು ಕಿಟಕಿಯಾಚೆ ನೋಡುತ್ತಾ ಕೂತಿದ್ದ. ಅವನ ಸ್ಟಾಪು ಬಂತು, ಇಳಿದುಹೋದ.

ಇನ್ನೊಂದು ವರ್ಷ ನಮಗೆ ಆಡಿದ, ಬರಿಗಾಲಲ್ಲೇ. ಆಟ ಅದೇ, ಮುಖದ ಕಳೆ ಇರಲಿಲ್ಲ. ಆಮೇಲೆ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಕೆಲಸ ಸಿಕ್ಕಿ ಹೊಳೆನರಸೀಪುರಕ್ಕೆ ಹೋದ. ನಮ್ಮ ಟೀಮೂ ನಿಂತುಹೋಯಿತು. ಬೆಂಗಳೂರಿನ ಕ್ಲಬ್ಬು ಮಾತ್ರ ಬೆಳೆಯಿತು, ಬೆಳೆಯಿತು.

ಕಳೆದ ಭಾನುವಾರ ಆಟಕ್ಕೆ ಮೊದಲು ಕೋಚ್ ಮುನಿಸ್ವಾಮಿಯವರಿಗೆ ಕಾಫಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಕೂದಲು ಬೆಳ್ಳಗಾಗಿದೆ, ಹ್ಯಾಟು ಹಾಗೇ ಇದೆ. ನನ್ನ ಗುರುತು ಹಿಡಿದು ನಕ್ಕರು.

"ನಿಮ್ಮ ಹಾಸನದವರು ಭಾರೀ ಕಿಲಾಡಿಗಳು ಬಿಡಿ ಮೇಷ್ಟ್ರೇ. ಒಂದ್ಸಲ ನನಗೇ ಟೋಪಿ ಹಾಕೋಕೆ ನೋಡಿದ್ರಿ."

"ಯಾವಾಗ ಸಾರ್?"

"ಅರಕಲಗೂಡಲ್ಲಿ ಆಡಿದ ಲೆಫ್ಟ್ ಔಟ್‌ನ ಕಳಿಸಿ ಅಂದ್ರೆ, ಇನ್ಯಾರಿಗೋ ಬೂಟು ಹಾಕಿಸಿ ಅವನ ಹೆಸರಲ್ಲಿ ಕಳಿಸಿದ್ರಲ್ಲ! ಪಾಪ, ಅವನಿಗೆ ನಡೆಯೋಕೇ ಬರ್ತಿರಲಿಲ್ಲ. ಪೋಸ್ಟ್‌ಮ್ಯಾನ್ ಹೆಸರಲ್ಲಿ ಇನ್ನೊಬ್ಬನ್ನ ಆಡಿಸಿದ ಪಾರ್ಟಿ ಅಲ್ವಾ ನೀವು? ನನಗೆ ತಕ್ಷಣ ಗೊತ್ತಾಗೋಯ್ತು."

"ಸಾರ್, ಅವನೇ ಸಾರ್ ಅದು."

ಅವರು ನಗುತ್ತಲೇ ಇದ್ದರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು.

"ನೀವು ಮುಖ ನೋಡಿರಲಿಲ್ಲವೇ?" ಎಂದೆ.

"ಅಷ್ಟು ದೂರದಿಂದ ಮುಖ ಯಾರು ನೋಡ್ತಾರೆ? ನಾನು ನೋಡಿದ್ದು ಕಾಲು." ಕಾಫಿ ಲೋಟ ಕೆಳಗಿಟ್ಟು ಹೇಳಿದರು: "ಬರಿಗಾಲಲ್ಲೇ ಕಳಿಸಬೇಕಿತ್ತು ಮೇಷ್ಟ್ರೇ. ಆಗ ನಮ್ಮ ಅರ್ಧ ಟೀಮು ಬರಿಗಾಲಿನವರೇ. ಬೂಟು ನಾನೇ ಕಲಿಸಿದೆ ಅವರಿಗೆ. ಒಬ್ಬೊಬ್ಬನಿಗೂ ಆರು ತಿಂಗಳು ಬೇಕು. ಅಂಥ ಕಾಲು ಆಮೇಲೆ ನನಗೆ ಎಲ್ಲೂ ಸಿಗಲಿಲ್ಲ."

ಈಗ ಹೇಳಿ, ನಾನು ಐದು ಗೋಲು ನೋಡುವುದು ಹೇಗೆ? ಎಡಗಡೆಯ ಗೆರೆಯ ಮೇಲೆ ಸಿದ್ದಯ್ಯನೇ ಓಡುತ್ತಿದ್ದ. ಆ ಬನಿಯನ್ನು ಅವನದು, ಆ ಚಪ್ಪಾಳೆ ಅವನದು, ಕಲ್ಕತ್ತೆ ಅವನದು. ನನಗೆ ಅಳು ಬಂತು. ಮುಂದಿನ ಸಾಲಿನಲ್ಲಿ ಕೂತವರು ಅಳಬಾರದು, ಅದಕ್ಕೇ ರಿಬ್ಬನ್ ಸರಿಮಾಡಿಕೊಂಡೆ.

ಸೋಮವಾರ ಸ್ಕೂಲಿಗೆ ರಜಾ ಹಾಕಿ ರೈಲು ಹತ್ತಿದೆ. ಹೊಳೆನರಸೀಪುರದಲ್ಲಿ ಹಳಿಯ ಪಕ್ಕದ ಲೈನ್‌ಮನೆ. ಮಧ್ಯಾಹ್ನದ ಊಟಕ್ಕೆ ಬಂದಿದ್ದ ಸಿದ್ದಯ್ಯ ನನ್ನನ್ನು ಕಂಡು ಗಾಬರಿಯಾದ.

"ಏನ್ ಸಾ, ಇಲ್ಲೀಗಂಟ ಬಂದ್ಬುಟ್ರಿ? ಏಳ್ ಕಳ್ಸಿದ್ರೆ ನಾನೇ ಬತ್ತಿರ್ನಿಲ್ವಾ?"

ಅವನ ಹೆಂಡತಿ ಕೆಂಪಮ್ಮ ಚಾಪೆ ಹಾಸಿದಳು. ನಾನು ಕೋಚ್ ಹೇಳಿದ್ದನ್ನೆಲ್ಲ ಹೇಳಿದೆ. ಅವನು ಚಾಪೆಯ ಅಂಚು ಸವರುತ್ತಾ ಕೇಳಿಸಿಕೊಂಡ.

"ಅದು ನಾನಲ್ಲ ಅಂದ್ಕಂಡ್ರಾ ಸಾ?"

"ಹೂಂ ಕಣಯ್ಯ."

"ನಂಗೆ ಆಟ ಬರಾಕಿಲ್ಲ ಅಂತ ಅಲ್ವಾ?"

"ಅಲ್ಲ."

"ಕೇಳುದ್ಯಾ?" ಎಂದು ಹೆಂಡತಿಯ ಕಡೆ ತಿರುಗಿದ. ಹನ್ನೆರಡು ವರ್ಷದಿಂದ ಅವನು ತನಗೆ ಆಟ ಬರುವುದಿಲ್ಲವೆಂದೇ ನಂಬಿಕೊಂಡಿದ್ದ ಎಂದು ನನಗೆ ಆಗ ಅರ್ಥವಾಯಿತು.

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಳ್ಳಬಹುದಿತ್ತು. ಮೇಷ್ಟ್ರ ಬಾಯಿ, ಸುಮ್ಮನಿರುತ್ತದೆಯೇ? "ಆದರೂ ಸಿದ್ದಯ್ಯ, ಆ ಹದಿನೈದು ದಿನ ನೀನು ಒಂದಿಷ್ಟು ಬೂಟು ಹಾಕ್ಕೊಂಡು ಓಡಾಡಿದ್ದರೆ..." ಎಂದೆ.

ಕೆಂಪಮ್ಮನಿಗೆ ರೇಗಿತು. "ಎಲ್ಲಿ ಓಡಾಡಾರು ಸಾ? ನಮ್ ಕೇರಿಯಿಂದ ಎತ್ಲಾಗೆ ಓಗ್ಬೇಕಂದ್ರೂ ಗೌಡ್ರ ಬೀದಿ ದಾಟ್ಬೇಕು. ಆ ಬೀದೀಲಿ ನಮ್ಮೋರು ಎಕ್ಕಡಾನೇ ಕೈಲಿ ಇಡ್ಕಂಡು ಓಗ್ತಿದ್ರು. ಬೂಟು ಮೆಟ್ಕಂಡು ಓದ್ರೆ ಸುಮ್ಕೆ ಬುಡ್ತಿದ್ರಾ?"

"ಸುಮ್ಕಿರಮ್ಮಿ," ಎಂದ ಸಿದ್ದಯ್ಯ. ಆಮೇಲೆ ನನಗೇ ಸಮಾಧಾನ ಹೇಳುವವನ ಹಾಗೆ, ಮೆಲ್ಲಗೆ: "ಗೋಣಿಚೀಲ್ದಾಗೆ ಸುತ್ತಿ ಅಟ್ಟದ ಮ್ಯಾಲೆ ಮಡ್ಗಿದ್ದೆ ಸಾ. ಯಾರಾದ್ರೂ ನೋಡಿದ್ರೆ ನಮ್ಮಪ್ಪನ್ನ ಕರೆಸಿ ಕೇಳೋರು. ದಿನಾ ಒಂದ್ಸಲ ಬಿಚ್ಚಿ ನೋಡೀವ್ನಿ. ಕಾಲಿಗೆ ಆಕಿದ್ದು ಬೆಂಗ್ಳೂರಲ್ಲೇ ಮೊದ್ಲು. ದಾರ ಕಟ್ಟಾಕೂ ಬತ್ತಿರ್ನಿಲ್ಲ. ನೀವೇ ಅಲ್ವಾ ಕಟ್ಟಿದ್ದು?"

ಹೌದು. ನಾನೇ ಕಟ್ಟಿದ್ದು. ಅಷ್ಟು ಜನರೆದುರು ಮೇಷ್ಟ್ರಾಗಿ ಅವನ ಕಾಲ ಬಳಿ ಬಗ್ಗಿದ್ದಕ್ಕೆ ನನ್ನ ಬಗ್ಗೆ ನನಗೇ ಎಷ್ಟು ಹೆಮ್ಮೆ ಬಂದಿತ್ತು! ಹದಿನೈದು ದಿನ ಬೂಟು ಹಾಕಿ ಓಡಾಡಿದವನಿಗೆ ಲೇಸು ಕಟ್ಟಲು ಬರುವುದಿಲ್ಲವೇ ಎಂಬ ಯೋಚನೆ ಮಾತ್ರ ಬರಲಿಲ್ಲ. ಅದೇ ಸಂಜೆ ಬಸ್ಸಿನಲ್ಲಿ ಸೋಮಾರಿ ಎಂದು ಬೈದೆ.

"ನನಗೆ ಯಾಕೆ ಹೇಳಲಿಲ್ಲವೋ?"

"ಎಂಗ್ ಏಳ್ಲಿ ಸಾ? ಎಲ್ರೂ ಅಷ್ಟು ಆಸೆಯಿಂದ ತಂದ್ಕೊಟ್ಟಿದ್ರಿ. ಬ್ಯಾಡ ಅಂದ್ರೆ ನಿಮ್ಗೆ ಬೇಜಾರಾಗ್ತಿರ್ನಿಲ್ವಾ?"

ಕೆಂಪಮ್ಮ ಕಾಫಿ ತಂದಳು. ಕುಡಿದೆ. ಸಿದ್ದಯ್ಯ ಏನೋ ಲೆಕ್ಕ ಹಾಕುತ್ತಿದ್ದವನು ತಲೆ ಎತ್ತಿದ.

"ಸಾ, ಅದೊಂದು ಮಾತ ಇನ್ನೊಂದ್ಸಲ ಏಳಿ. ಕಾಲಿನ್ ಮಾತು."

"ಅಂಥ ಕಾಲು ಆಮೇಲೆ ಎಲ್ಲೂ ಸಿಗಲಿಲ್ಲ ಅಂದರು."

"ಎಲ್ಲೂ ಅಂದ್ರಾ? ಕಲ್ಕತ್ತೇಲೂ?"

"ಎಲ್ಲೂ."

ಅವನು ಸ್ಕೂಲಿನಿಂದ ಊಟಕ್ಕೆ ಬಂದಿದ್ದ ಮಗಳನ್ನು ಒಳಗಿನಿಂದ ಕರೆದ. "ನಮ್ ಮಗೀಗೂ ಏಳಿ ಸಾ." ಹೇಳಿದೆ. ಆ ಮಗುವಿಗೆ ಏನು ಅರ್ಥವಾಯಿತೋ, ಅಪ್ಪನ ಕಾಲನ್ನೊಮ್ಮೆ ನೋಡಿತು. ಅವನೂ ನೋಡಿಕೊಂಡ. ಹಳಿಯ ಜಲ್ಲಿಕಲ್ಲಿನಲ್ಲಿ ತಿರುಗಿ ತಿರುಗಿ ಬಿರುಕು ಬಿಟ್ಟ ಕಾಲು. ಗ್ಯಾಂಗಿನವರು ಕೂಗಿದರು, ಸುತ್ತಿಗೆ ಎತ್ತಿಕೊಂಡು ಹೊರಟ.

ಕೆಂಪಮ್ಮ ಬಾಗಿಲವರೆಗೂ ಬಂದು ಹೇಳಿದಳು: "ಬೈದೆ ಅಂತ ಬೇಜಾರ್ ಮಾಡ್ಕಬ್ಯಾಡಿ ಸಾ. ಇವ್ರು ಈಗ್ಲೂ ನಿದ್ದೆಗಣ್ಣಲ್ಲಿ ಕಾಲಾಡುಸ್ತಾರೆ."

ರೈಲಿನಲ್ಲಿ ಕೂತು ಯೋಚಿಸಿದೆ. ಸಿದ್ದಯ್ಯನ ಊರಿಗೆ ನಾನು ಒಂದು ಸಲವೂ ಹೋಗಿರಲಿಲ್ಲ. ಅವನು ಬಸ್ಸು ಹತ್ತುವವರೆಗೆ ನಮ್ಮ ಆಟಗಾರ. ಇಳಿದ ಮೇಲೆ ಯಾರು ಎಂದು ನನಗೆ ಬೇಕಾಗಿರಲಿಲ್ಲ. ಅವನಿಗೆ ಒಳ್ಳೆಯದಾಗಲಿ ಎಂದು ನಾನು ಮನಸಾರೆ ಬಯಸಿದ್ದೆ, ಅದರಲ್ಲಿ ಸುಳ್ಳಿಲ್ಲ.

ಬೂಟು ತರಿಸುವಾಗ ಸೈಜು ಎಷ್ಟು ಎಂದು ಎರಡೆರಡು ಸಲ ಕೇಳಿದ ನಾನು, ಅದನ್ನು ಹಾಕಿಕೊಂಡು ನಡೆಯಲು ನಿನಗೊಂದು ಬೀದಿ ಇದೆಯೇ ಎಂದು ಯಾಕೆ ಕೇಳಲಿಲ್ಲ?