ಎಷ್ಟು ಉಳೀತು?

ನಮ್ಮ ಮೇಡಂ ನಡೆಯುವಾಗ ಎಡಗೈ ಯಾವಾಗಲೂ ಸೊಂಟದ ಹಿಂದೆ ಇರುತ್ತಿತ್ತು. ಅಂಗೈ ಹೊರಗೆ, ಬೆರಳು ಅರ್ಧ ಮಡಿಚಿ, ಯಾರೋ ಹಿಂದಿನಿಂದ ಸೆರಗು ಹಿಡಿದಿದ್ದಾರೆ, ಇವರು ಬಿಡಿಸಿಕೊಳ್ಳುತ್ತಿದ್ದಾರೆ ಅನ್ನುವ ಹಾಗೆ. ಬೆನ್ನುಮೂಳೆಯ ಒಂದು ಮಣಿ ಜಾರಿ ಮುಂದಕ್ಕೆ ಬಂದಿತ್ತು. ನೋವಾದಾಗ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು, ಅಷ್ಟೇ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವರು ಲ್ಯಾಬಿನ ಉದ್ದನೆಯ ವರಾಂಡದಲ್ಲಿ ಬರುವಾಗ ಹಿಂದೆ ಯಾರಿದ್ದಾರೆ ಎಂದು ಎಷ್ಟೋ ಸಲ ಕತ್ತು ಚಾಚಿ ನೋಡಿದ್ದೇನೆ.

ವೇಲಚೇರಿಯಲ್ಲಿ ರೈಲುಹಳಿಗೆ ಅಂಟಿಕೊಂಡ ಹಾಗಿದೆ ನಮ್ಮ ಲ್ಯಾಬು. ರೈಲು ಹೋದಾಗಲೆಲ್ಲ ಬೀರುವಿನ ಬಾಗಿಲು ಗಡಗಡ ನಡುಗುತ್ತದೆ. ನಾನು ಅಲ್ಲಿಗೆ ಕೆಲಸ ಕೇಳಿಕೊಂಡು ಹೋದ ದಿನ ಮೇಡಂ ನನ್ನ ಓದಿನ ವಿಷಯ ಅರ್ಧಕ್ಕೇ ನಿಲ್ಲಿಸಿ, ಮನೆಮಾತು ಯಾವುದು ಎಂದು ಕೇಳಿದರು. ನಮ್ಮದು ಅಜ್ಜನ ಅಜ್ಜನ ಕಾಲದಲ್ಲೇ ಈ ತಮಿಳು ಊರಿಗೆ ಬಂದು ತಿರುವಲ್ಲಿಕ್ಕೇಣಿಯಲ್ಲಿ ಬೇರುಬಿಟ್ಟ ಮನೆತನ. ಕನ್ನಡವೇ, ಎಂದು ನಾಲ್ಕು ಮಾತಾಡಿ ತೋರಿಸಿದೆ. ಅವರು ಕನ್ನಡಕ ಕೆಳಗಿಳಿಸಿ ನೋಡಿದರು.

"ಇದು ಕನ್ನಡವಾ ಮಾರಾಯ್ತಿ? ತಮಿಳಿಗೆ ನಿಮ್ಮಜ್ಜಿಯ ಸೀರೆ ಉಡಿಸಿದ ಹಾಗೆ ಉಂಟು."

ನನಗೆ ಮೈಯೆಲ್ಲ ಉರಿಯಿತು. ಅವರ ಆ 'ಉಂಟು' ಮಾತ್ರ ದೊಡ್ಡ ಕನ್ನಡವೋ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಕೆಲಸ ಸಿಕ್ಕಿತು. ಮುಂದೆ ಎಷ್ಟು ವರ್ಷವಾದರೂ ನಾವಿಬ್ಬರೂ ಒಬ್ಬರ ಕನ್ನಡವನ್ನು ಇನ್ನೊಬ್ಬರು ಒಪ್ಪಿಕೊಳ್ಳಲಿಲ್ಲ.

ನಮ್ಮ ಕೆಲಸ ಹೀಗೆ. ಬೆನ್ನುಮೂಳೆಯ ಎರಡು ಮಣಿಗಳನ್ನು ಬೆಸೆಯುವ ಆಪರೇಷನ್ನಿನಲ್ಲಿ ಅವು ಅಲುಗಾಡದಂತೆ ಸ್ಕ್ರೂ, ಸರಳು ಹಾಕಿ ಬಿಗಿಯುತ್ತಾರೆ. ಸಾಮಾನ್ಯವಾಗಿ ಅದು ಟೈಟೇನಿಯಂ. ಮೂಳೆ ಕೂಡಿಕೊಂಡ ಮೇಲೆ ಅದಕ್ಕೇನೂ ಕೆಲಸವಿಲ್ಲ, ಆದರೂ ಮೈಯೊಳಗೆ ಕೊನೆತನಕ ಕೂತಿರುತ್ತದೆ. ನಾವು ಮಾಡುವುದು ಮೆಗ್ನೀಸಿಯಂ ಬೆರೆತ ಸ್ಕ್ರೂ. ಮೂಳೆ ಕೂಡುವ ತನಕ ಗಟ್ಟಿಯಾಗಿ ನಿಂತು, ಆಮೇಲೆ ಮೈಯಲ್ಲೇ ಮೆಲ್ಲಗೆ ಕರಗಿಹೋಗಬೇಕು. ಮೊದಲು ಅದನ್ನು ರಕ್ತದಲ್ಲಿರುವ ಉಪ್ಪುಗಳನ್ನು ಬೆರೆಸಿದ ಉಗುರುಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಮುಳುಗಿಸಿಡುತ್ತೇವೆ. ಕರಗುವಾಗ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ. ಆಮೇಲೆ ತೆಗೆದು, ಒರೆಸಿ, ತೂಗುತ್ತೇವೆ.

ಬೇರೆ ಲ್ಯಾಬಿನವರು ಎಷ್ಟು ಕರಗಿತು ಎಂದು ಕೇಳುತ್ತಾರೆ. ಮೇಡಂ ಹಾಗೆ ಕೇಳಿದ್ದೇ ಇಲ್ಲ. ತಕ್ಕಡಿಯ ಹತ್ತಿರ ಬಂದು ನಿಂತು, "ಎಷ್ಟು ಉಳೀತು?" ಅನ್ನುತ್ತಿದ್ದರು. ಅದು ಅವರ ಅಪ್ಪನ ಮಾತು. ಉಡುಪಿ ಕಡೆಯಿಂದ ಬಂದ ಆತನದು ಕೋಡಂಬಾಕ್ಕಂನಲ್ಲಿ ಸಣ್ಣ ಹೋಟೆಲು. ಸಿನಿಮಾ ಸ್ಟುಡಿಯೋಗಳಿಂದ ಮುಖದ ಬಣ್ಣ ಕೂಡ ತೊಳೆಯದೆ ಬಂದವರು ಅಲ್ಲಿ ಇಡ್ಲಿ ತಿನ್ನುತ್ತಿದ್ದರಂತೆ. ಅಂಗಡಿ ಮುಚ್ಚುವ ಹೊತ್ತಿಗೆ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ಭಟ್ಟರನ್ನು ಇದೇ ಪ್ರಶ್ನೆ ಕೇಳುತ್ತಿದ್ದರು. ಏನೂ ಉಳಿದಿಲ್ಲ ಅಂದರೆ ಅವತ್ತು ಸುಖನಿದ್ರೆ. ಉಳಿದಿದ್ದರೆ ಮನೆಮಂದಿಗೆಲ್ಲ ಅದೇ ಊಟ, ಮೇಲೆ ಅಪ್ಪನ ಗೊಣಗಾಟ ಬೇರೆ.

ಈ ಪ್ರಶ್ನೆಗೆ ಇನ್ನೊಂದು ಬೇರಿತ್ತು. ಅದನ್ನು ಮೇಡಂ ಒಂದು ಮಧ್ಯಾಹ್ನ ಮೊಸರನ್ನ ಕಲಸುತ್ತಾ ಹೇಳಿದರು. ಅವರ ಅಮ್ಮ ಹೋಟೆಲಿನ ಹಿತ್ತಲಲ್ಲಿ ಜಾರಿಬಿದ್ದು ಬೆನ್ನಿಗೆ ಟೈಟೇನಿಯಂ ಹಾಕಿಸಿಕೊಂಡಿದ್ದರು. ಅವರು ತೀರಿಕೊಂಡಾಗ ಅಸ್ಥಿ ಆರಿಸಲು ಹೋದ ಮೇಡಂ ಅವರ ತಮ್ಮ, ಕಣ್ಣಲ್ಲಿ ನೀರು ತುಂಬಿ ಮಂಜಾಗಿ, ಬೂದಿಯಲ್ಲಿ ಸಿಕ್ಕ ಸರಳನ್ನೂ ಮೂಳೆಯೆಂದೇ ತಿಳಿದು ಹಾಲಿನಲ್ಲಿ ತೊಳೆದು ಮಡಕೆಗೆ ಹಾಕಿದ. ಠಣ್ ಎಂದು ಸದ್ದಾಯಿತು. ಪುರೋಹಿತರು ಅದನ್ನು ತೆಗೆಸಿದರು. ಇದು ಲೋಹ, ಅಸ್ಥಿಯಲ್ಲ, ಮಂತ್ರಕ್ಕೆ ಸೇರುವುದಿಲ್ಲ ಎಂದರು. ದೊಡ್ಡಮ್ಮ ಬಿಡಲಿಲ್ಲ. ಅಷ್ಟು ವರ್ಷ ಅವಳ ಮೈಯಲ್ಲಿದ್ದದ್ದು, ಅವಳನ್ನು ಎತ್ತಿ ನಿಲ್ಲಿಸಿದ್ದು, ಅವಳದಲ್ಲದೆ ಇನ್ಯಾರದ್ದು ಎಂದು ಸ್ಮಶಾನದಲ್ಲೇ ಜಗಳಕ್ಕೆ ನಿಂತರು. ಜಗಳ ಹರಿಯಲಿಲ್ಲ. ಮಡಕೆ ಸಮುದ್ರಕ್ಕೆ ಹೋಯಿತು, ಸರಳು ಒಂದು ಸ್ಟೀಲ್ ಡಬ್ಬಿ ಸೇರಿ ಹೋಟೆಲಿನ ಅಟ್ಟಕ್ಕೆ ಹೋಯಿತು.

ಆಮೇಲೆ ಅಮ್ಮ ಕನಸಿಗೆ ಬರತೊಡಗಿದರು, ತಮ್ಮನಿಗಲ್ಲ, ಮೇಡಂಗೆ. ಬಂದು, "ನಂದೊಂದು ಇಲ್ಲೇ ಉಳೀತಲ್ಲ ಮಗಾ," ಅನ್ನುತ್ತಿದ್ದರಂತೆ. ಅಲ್ಲಿಯವರೆಗೆ ಹಡಗಿನ ಕೊಳವೆಗಳಿಗೆ ತುಕ್ಕು ಹಿಡಿಯದ ಹಾಗೆ ಮಾಡುವುದೇ ಮೇಡಂ ಕಸುಬು. ಅದನ್ನು ಬಿಟ್ಟು, ಲೋಹ ಬೇಗ ತುಕ್ಕು ಹಿಡಿಯಲಿ ಎಂದು ಹಾರೈಸುವ ಈ ಕೆಲಸಕ್ಕೆ ಬಂದರು. ಡಬ್ಬಿಯೂ ಅಟ್ಟದಿಂದ ಇಳಿದು ಲ್ಯಾಬಿನ ಬೀರುವಿಗೆ ಬಂತು.

ಕನಸು, ದೆವ್ವ, ಆತ್ಮ ಅಂದರೆ ನನಗೆ ಅಷ್ಟಕ್ಕಷ್ಟೆ. ಇದನ್ನೆಲ್ಲ ನೀವು ನಂಬುತ್ತೀರಾ ಎಂದು ನೇರವಾಗಿಯೇ ಕೇಳಿದೆ.

"ಹಗಲು ಹೊತ್ತು ಇಲ್ಲ," ಅಂದರು ಮೇಡಂ, ಮೊಸರನ್ನ ಬಾಯಿಗಿಡುತ್ತಾ.

ಅವರ ಸ್ವಂತ ಬೆನ್ನು ಹದಗೆಟ್ಟಾಗ ಡಾಕ್ಟರು ತಡಮಾಡಬೇಡಿ, ಬೆಸೆಯಲೇಬೇಕು ಎಂದರು. ಮೇಡಂ ಮುಂದೂಡಿದರು, ಮತ್ತೆ ಮುಂದೂಡಿದರು. ನಮ್ಮ ಸ್ಕ್ರೂ ತಯಾರಾಗಲಿ, ಅದನ್ನೇ ಹಾಕಿಸಿಕೊಳ್ಳುತ್ತೇನೆ ಅನ್ನುವುದು ಅವರ ಹಟ. ನಾನು ಜಗಳವಾಡಿದೆ. ಮೊದಲು ಕುರಿಗಳ ಮೇಲೆ ಪ್ರಯೋಗಿಸಿ ಗೆಲ್ಲಬೇಕು, ಆಮೇಲೆ ಎಷ್ಟೋ ಪರೀಕ್ಷೆ, ಎಷ್ಟೋ ಅನುಮತಿ. ಅಷ್ಟರಲ್ಲಿ ನೀವು ಹಾಸಿಗೆ ಹಿಡಿದಿರುತ್ತೀರಿ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ನನಗಿಂತ ಅವರಿಗೇ ಹೆಚ್ಚು ಗೊತ್ತಿದ್ದ ಸಂಗತಿ ಅದು. ಅವರು ಕೇಳಿಸಿಕೊಂಡರು, ಎಡಗೈ ಹಿಂದಿಟ್ಟುಕೊಂಡು ತೊಟ್ಟಿಯ ಗುಳ್ಳೆ ನೋಡಲು ಎದ್ದುಹೋದರು.

ನೀರಿನಲ್ಲಿ ಗೆದ್ದ ಸ್ಕ್ರೂ ಕುರಿಯ ಬೆನ್ನಿಗೆ ಹೋಯಿತು. ಎಕ್ಸ್‌ರೇ ತೆಗೆಯುವ ದಿನ ನಾವಿಬ್ಬರೂ ಊರಾಚೆಯ ಕುರಿಕೊಟ್ಟಿಗೆಗೆ ಹೋದೆವು. ಮನೆಗೆ ಮೊಟ್ಟೆ ಕೂಡ ತಾರದ ಮೇಡಂ ಆ ಹೆಣ್ಣುಕುರಿಯ ತಲೆಯನ್ನು ಎದೆಗೊತ್ತಿ ಹಿಡಿದುಕೊಂಡರು. ಚಿತ್ರ ನೋಡಿದ ಕೂಡಲೇ ಗೊತ್ತಾಯಿತು. ಸ್ಕ್ರೂ ಬೇಗ ಕರಗಿತ್ತು. ಅದು ಬಿಟ್ಟ ಗಾಳಿ ಸುತ್ತಲೂ ಕಪ್ಪು ಪೊಳ್ಳಾಗಿ ನಿಂತಿತ್ತು, ಮೂಳೆ ಕೂಡಿರಲಿಲ್ಲ. ಕುರಿಯ ಹಿಂಗಾಲು ಆಗಲೇ ಎಳೆಯುತ್ತಿತ್ತು. ಅದನ್ನು ಇನ್ನೂ ನರಳಿಸುವಂತಿರಲಿಲ್ಲ, ಕೊಂದರು. ಮೇಡಂ ಕೊನೆತನಕ ತಲೆ ಬಿಡಲಿಲ್ಲ.

ವಾಪಸ್ಸು ಬರುವಾಗ ಕೋಯಂಬೇಡಿನ ಹತ್ತಿರ ತರಕಾರಿ ಲಾರಿಗಳ ನಡುವೆ ಸಿಕ್ಕಿಕೊಂಡೆವು. ಮೇಡಂ ಇದ್ದಕ್ಕಿದ್ದ ಹಾಗೆ ನೋವನ್ನೂ ಮರೆತು ಇಡೀ ಮೈ ತಿರುಗಿಸಿ ಹಿಂದಿನ ಸೀಟು ನೋಡಿದರು. ನನಗೇನಾದರೂ ಕೇಳಿಸಿತೇ ಎಂದರು. ಬಸ್ಸುಗಳ ಹಾರನ್ ಬಿಟ್ಟರೆ ಏನೂ ಇಲ್ಲ ಎಂದೆ. ಸರಿ ಎಂದು ಮುಂದಕ್ಕೆ ತಿರುಗಿದರು. ನಿಜ ಹೇಳಬೇಕೆಂದರೆ, ಆಮೇಲೆ ಮನೆ ಮುಟ್ಟುವ ತನಕ ನನಗೆ ಹಿಂದೆ ನೋಡುವ ಧೈರ್ಯ ಬರಲಿಲ್ಲ.

ಸ್ವಲ್ಪ ದಿನದಲ್ಲೇ ಅವರು ಆಸ್ಪತ್ರೆ ಸೇರಿದರು. ಹಾಕುವುದು ಟೈಟೇನಿಯಂ. ಆಪರೇಷನ್ನಿನ ಬೆಳಿಗ್ಗೆ ನನ್ನನ್ನು ಹತ್ತಿರ ಕೂರಿಸಿಕೊಂಡರು.

"ನಂಗೆ ಹೆದ್ರಿಕೆ ಇರೋದು ಇದಕ್ಕಲ್ಲ. ನಾನು ಹೋದ ಮೇಲೆ ಯಾರ ಕನಸಿಗೂ ಹೋಗ್ಬಾರ್ದು ಅಂತಿತ್ತು. ಈಗ ನಂದೂ ಉಳೀತದೆ. ಬಿಸಾಡ್ಬೇಡ ಮಾರಾಯ್ತಿ, ಅಮ್ಮನದ್ದರ ಒಟ್ಟಿಗೆ ಇಡು. ನಮ್ಮ ಸ್ಕ್ರೂ ಸರಿಯಾದ ದಿವಸ ಬಂದು ಹೇಳು."

ಹೋಗಿ ಮೇಡಂ, ಬೆಳಗ್ಗೆ ಬೆಳಗ್ಗೆ ಇದೇನು ಮಾತು ಎಂದು ಗದರಿದೆ. ಗದರಿ, ಆಮೇಲೆ ಆಗಲಿ, ಬಂದು ಹೇಳುತ್ತೇನೆ ಎಂದು ಮಾತೂ ಕೊಟ್ಟೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಕೆಲವು ವರ್ಷ ನೆಟ್ಟಗೆ ನಡೆದಾಡಿದರು. ಸೊಂಟದ ಹಿಂದಿನ ಕೈ ಮಾತ್ರ ಹಾಗೇ ಇತ್ತು. ನೋವಿದೆಯೇ ಎಂದರೆ ಇಲ್ಲ, ಅಭ್ಯಾಸ ಅನ್ನುತ್ತಿದ್ದರು. ಕೊನೆಗೆ ಹೃದಯ ನಿಂತು ಹೋದರು, ತಮ್ಮನ ಹೋಟೆಲಿನಲ್ಲಿ ಕಾಫಿ ತರಿಸಿಕೊಂಡು ಕೂತಿದ್ದಾಗ.

ಅಸ್ಥಿ ಆರಿಸಿದ ಮಾರನೆಯ ದಿನ ಲ್ಯಾಬಿಗೆ ಮೇಡಂ ಅವರ ತಮ್ಮ ಬಂದರು. ಕರವಸ್ತ್ರದ ಗಂಟು ಬಿಚ್ಚಿದರು. ಒಳಗೆ ಸರಳು, ಸ್ಕ್ರೂಗಳು. ಬೆಂಕಿಗೆ ಬಣ್ಣ ಸ್ವಲ್ಪ ಕಂದಿತ್ತು, ಅಷ್ಟೇ.

"ಈ ಸಲ ಪುರೋಹಿತರು ಬಾಯಿ ಬಿಡ್ಲಿಲ್ಲ," ಅಂದರು. "ಅಕ್ಕ ನಿಮ್ಮ ಹತ್ರ ಕೊಡ್ಲಿಕ್ಕೆ ಹೇಳಿದ್ಲು."

ಡಬ್ಬಿಯ ಮುಚ್ಚಳ ತೆಗೆದು ಮಗಳದನ್ನು ತಾಯಿಯದರ ಪಕ್ಕ ಇಟ್ಟೆ. ಅವತ್ತಿನಿಂದ ಮೇಡಂ ನನ್ನ ಕನಸಿಗೆ ಬರತೊಡಗಿದರು. ತಕ್ಕಡಿಯ ಪಕ್ಕ ನಿಂತು, ಕೈ ಹಿಂದಿಟ್ಟುಕೊಂಡು, ಎಷ್ಟು ಉಳೀತು ಎಂದು ಕೇಳುತ್ತಾರೆ. ಉತ್ತರ ಹೇಳುವ ಮೊದಲೇ ಎಚ್ಚರವಾಗುತ್ತದೆ. ನಾನು ನಂಬುವುದಿಲ್ಲ, ಹಗಲು ಹೊತ್ತು.

ನನ್ನಲ್ಲಿರುವ ಕಸುಬೆಲ್ಲ ಅವರು ಕೊಟ್ಟದ್ದು. ಅದರಿಂದಲೇ ಬೆರಕೆ ಬದಲಿಸಿದೆ, ಮೇಲೆ ಲೇಪ ಕೊಟ್ಟೆ, ಮತ್ತೆ ತೊಟ್ಟಿ, ಮತ್ತೆ ಕುರಿ. ಎಷ್ಟೋ ಸಲ ಸೋತೆ. ಮೊನ್ನೆ ಒಂದು ಚಿತ್ರ ಬಂತು. ಎರಡು ಮಣಿಗಳು ಕೂಡಿ ಒಂದಾಗಿದ್ದವು. ಸ್ಕ್ರೂ ಇದ್ದ ಜಾಗದಲ್ಲಿ ಬರೀ ಮೂಳೆ. ಕುರಿ ನಾಲ್ಕೂ ಕಾಲೂರಿ ನಿಂತು ಸೊಪ್ಪು ತಿನ್ನುತ್ತಿತ್ತಂತೆ.

ಎಲ್ಲರೂ ಊಟಕ್ಕೆ ಹೋದ ಮೇಲೆ ಬೀರು ತೆಗೆದೆ. ನಾಚಿಕೆಯಾಯಿತು, ಆದರೂ ಮಾತು ಕೊಟ್ಟದ್ದು. ಡಬ್ಬಿಯ ಮೇಲೆ ಕೈಯಿಟ್ಟು ಅವರದೇ ಕನ್ನಡದಲ್ಲಿ ಹೇಳಿದೆ.

"ಎಂತದೂ ಉಳೀಲಿಲ್ಲ ಮೇಡಂ."

ಆಗಲೇ ರೈಲು ಬಂತು. ಬೀರು ನಡುಗಿತು. ಅಂಗೈಯ ಕೆಳಗೆ, ಡಬ್ಬಿಯೊಳಗೆ, ತಾಯಿಯದೂ ಮಗಳದೂ ಒಂದಕ್ಕೊಂದು ತಾಗಿ ಠಣ್ ಎಂದವು.