ಇನಿ ಕಾರಿಗೆ ಅಡ್ಡ ನಿಂತ ದಿನ

ಆ ದಿನಗಳಲ್ಲಿ ನಾವು ಫ್ರೀಮಾಂಟಿನ ಒಂದು ಹಳೆಯ ಅಪಾರ್ಟ್‌ಮೆಂಟಿನಲ್ಲಿದ್ದೆವು. ಉದ್ದನೆಯ ಒಂದು ಕಾರಿಡಾರು, ಅದರುದ್ದಕ್ಕೂ ಬಾಗಿಲುಗಳ ಸಾಲು. ಸಂಜೆಯಾದರೆ ಯಾರ ಮನೆಯಲ್ಲಿ ಏನು ಅಡುಗೆ ಎಂದು ಮೂಗೇ ಹೇಳುತ್ತಿತ್ತು. ಮಕ್ಕಳಾದ ನಮಗೆ ಆಟವೂ ಅಲ್ಲೇ, ಜಗಳವೂ ಅಲ್ಲೇ.

ಪಕ್ಕದ ಮನೆಯವರು ಬೋರ್ನಿಯೋ ದ್ವೀಪದವರು. ದಾಯಕ್ ಮೂಲನಿವಾಸಿಗಳಲ್ಲಿ ಇಬಾನ್ ಎಂಬ ಪಂಗಡ ಎಂಬುದೆಲ್ಲ ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಆಗ ಅವರು ನನ್ನ ಗೆಳತಿ ಮಾರ್ತಾಳ ಮನೆಯವರು, ಅಷ್ಟೇ. ಅವಳ ಅಪ್ಪನ ತಾಯಿಯನ್ನು ಅವಳು ಇನಿ ಎನ್ನುತ್ತಿದ್ದಳು. ಅವರ ಮಾತಿನಲ್ಲಿ ಅಜ್ಜಿ ಎಂದರ್ಥ. ನಾನೂ ಇನಿ ಎಂದೇ ಕರೆದೆ.

ಇನಿ ಬೆಳಿಗ್ಗೆ ಎದ್ದು ತಮ್ಮ ಬಾಗಿಲಷ್ಟೇ ಅಲ್ಲ, ಇಡೀ ಕಾರಿಡಾರನ್ನೇ ಗುಡಿಸುತ್ತಿದ್ದಳು. ಅವಳ ಊರೆಂದರೆ ನದಿಯ ದಂಡೆಯ ಒಂದೇ ಒಂದು ಉದ್ದದ ಮನೆಯಂತೆ. ಒಂದೇ ಸೂರು, ಸಂಸಾರಕ್ಕೊಂದು ಬಾಗಿಲು, ಮುಂದೆ ಎಲ್ಲರಿಗೂ ಸೇರಿದ ಜಗಲಿ. ಇಲ್ಲಿಯೂ ಹಾಗೇ ಎಂದುಕೊಂಡುಬಿಟ್ಟಿದ್ದಳು. ಗುಡಿಸುವುದಕ್ಕೆ ಬೇರೆ ಜನ ಇದ್ದಾರೆ ಎಂದು ಮ್ಯಾನೇಜರು ಹೇಳಿ ಹೇಳಿ ಸೋತ.

ಅವರ ಮನೆಯ ಗೋಡೆಯ ಮೇಲೆ ಮರದ ಶಿಲುಬೆ, ಅದರ ಪಕ್ಕದಲ್ಲಿ ಇನಿಯ ತಾಯಿ ನೇಯ್ದ ಕೆಂಗಂದು ಬಣ್ಣದ ಬಟ್ಟೆ. ಭಾನುವಾರ ಎಲ್ಲರೂ ಚರ್ಚಿಗೆ ಹೋಗುತ್ತಿದ್ದರು. ಉಣ್ಣುವ ಮೊದಲು ಇನಿ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದಳು. ಅದು ಎಷ್ಟು ಉದ್ದವಿರುತ್ತಿತ್ತೆಂದರೆ ನಾನೂ ಮಾರ್ತಾಳೂ ಮೇಜಿನ ಕೆಳಗೆ ಕಾಲಾಟ ಆಡಿ ಮುಗಿಸುತ್ತಿದ್ದೆವು.

ಇಷ್ಟೆಲ್ಲ ಇದ್ದೂ ಇನಿ ಒಂದು ಹಳೆಯ ನಂಬಿಕೆಯನ್ನು ಬಿಟ್ಟಿರಲಿಲ್ಲ. ಮುಂದಿಟ್ಟ ಊಟ ಬೇಡವಾದರೆ ಬಿಡಬಹುದು, ಆದರೆ ಬೆರಳಿನಿಂದ ಮುಟ್ಟಿಯೇ ಏಳಬೇಕು. ಮುಟ್ಟದೆ ಹೊರಟವರಿಗೆ ದಾರಿಯಲ್ಲಿ ಕೇಡು ತಪ್ಪಿದ್ದಲ್ಲ. ಇದಕ್ಕೆ ಪುನಿ ಎಂದು ಹೆಸರು. ಅವರಲ್ಲಿ ಹಂದಿಮಾಂಸ ಇಲ್ಲದ ಊಟವೇ ಅಪರೂಪ, ನಾವೋ ಈರುಳ್ಳಿಗೂ ದಿನ ನೋಡುವ ಧಾರವಾಡದ ವೈಷ್ಣವರು. ನನಗೆಂದೇ ಇನಿ ಒಂದು ರಿಯಾಯಿತಿ ಕೊಟ್ಟಿದ್ದಳು. ತಟ್ಟೆಯ ಅಂಚು ಮುಟ್ಟಿದರೂ ಸಾಕು. ನಾನು ಅಂಚು ಮುಟ್ಟಿ ಓಡಿಬಿಡುತ್ತಿದ್ದೆ.

ಆ ಬೇಸಿಗೆಯಲ್ಲಿ ಧಾರವಾಡದಿಂದ ನಮ್ಮಜ್ಜಿ ಬಂದಿದ್ದಳು. ಅಂಚೆಪೆಟ್ಟಿಗೆಗಳ ಹತ್ತಿರದ ಬೆಂಚಿನ ಮೇಲೆ ಇಬ್ಬರು ಅಜ್ಜಿಯರೂ ಬೆಳಿಗ್ಗೆ ಕೂತಿರುತ್ತಿದ್ದರು. ಒಬ್ಬಳ ಮಾತು ಇನ್ನೊಬ್ಬಳಿಗೆ ಬಾರದು. ಆದರೂ ಮಾತಿಗೇನೂ ಬರವಿರಲಿಲ್ಲ. ಇನಿಯ ಪ್ರಾರ್ಥನೆಯನ್ನು ಒಮ್ಮೆ ಕಿಟಕಿಯಿಂದ ನೋಡಿದ ಅಜ್ಜಿ, "ನೈವೇದ್ಯ ಮಾಡಲಾರ್ದ ಉಣ್ಣಂಗಿಲ್ಲ ಆಕಿ. ಛಲೋ ಮಂದಿ" ಎಂದು ಅಮ್ಮನ ಮುಂದೆ ಸರ್ಟಿಫಿಕೇಟು ಕೊಟ್ಟಳು.

ಅಜ್ಜಿ ಊರಿಗೆ ಹೊರಟದ್ದು ಜೂನಿನಲ್ಲಿ, ಇನಿಯವರ ಸುಗ್ಗಿ ಹಬ್ಬದ ದಿನಗಳಲ್ಲಿ. ಹೊರಟ ದಿನವೇ ಏಕಾದಶಿ. ಅಪ್ಪ ಗೊಣಗಿದರೆ ಅಜ್ಜಿ, "ಉಪವಾಸದ ದಿನ ವಿಮಾನ ಹತ್ತಿದ್ರ ಊಟದ ಚಿಂತಿನೇ ಇಲ್ಲಲ್ಲೋ" ಎಂದು ಬಾಯಿ ಮುಚ್ಚಿಸಿದ್ದಳು.

ಮಧ್ಯಾಹ್ನದಿಂದ ಹಿತ್ತಲಿನ ಬಾರ್ಬೆಕ್ಯೂ ಒಲೆಯ ಕಡೆಯಿಂದ ಹಸಿ ಬಿದಿರು ಸುಡುವ ವಾಸನೆ ಬರುತ್ತಿತ್ತು. ಗ್ರೋಸರಿಯಲ್ಲಿ ಸಿಗುವ ಬಾಳೆಲೆಯನ್ನು ಬಿದಿರಿನೊಳಗೆ ಸುತ್ತಿ, ಅಕ್ಕಿ, ತೆಂಗಿನ ಹಾಲು ತುಂಬಿ ಬೆಂಕಿಗೆ ಒರಗಿಸಿ ಬೇಯಿಸುವುದು ಅವರ ಹಬ್ಬದ ಅಡುಗೆ. ಸಾಮಾನೆಲ್ಲ ಕಾರಿಗೆ ಏರಿಸಿ, ಅಜ್ಜಿ ಮುಂದಿನ ಸೀಟಿನಲ್ಲಿ ಕೂತು, ಅಪ್ಪ ಎಂಜಿನ್ನು ಶುರು ಮಾಡುವುದಕ್ಕೂ ಇನಿ ಬಿಸಿ ಬಿದಿರನ್ನು ಟವೆಲ್ಲಿನಲ್ಲಿ ಹಿಡಿದು ಬರುವುದಕ್ಕೂ ಸರಿಹೋಯಿತು. ಹಿಂದೆ ಮಾರ್ತಾ ಓಡಿ ಬಂದಳು. ಅಜ್ಜಿ ಕಿಟಕಿಯ ಗಾಜು ಇಳಿಸಿ ಕೈ ಮುಗಿದಳು.

"ಇವತ್ತು ಅನ್ನ ಮುಟ್ಟಂಗಿಲ್ಲಂತ ಹೇಳು ಆಕಿಗೆ. ಏಕಾದಶಿ."

ನಾನು ಇಂಗ್ಲಿಷಿನಲ್ಲಿ ಮಾರ್ತಾಳಿಗೆ, ಮಾರ್ತಾ ಇಬಾನಿನಲ್ಲಿ ಇನಿಗೆ ಹೇಳಿದೆವು. ಇನಿ ತಲೆಯಾಡಿಸಿದಳು. ಆಮೇಲೆ ಹೋಗಿ ಕಾರಿನ ಮುಂದೆ ನಿಂತುಬಿಟ್ಟಳು.

"ಅವ್ವಾ, ಲೇಟಾಗ್ಲಿಕತ್ತದ. ಬ್ರಿಡ್ಜಿನ ಮ್ಯಾಲೆ ಟ್ರಾಫಿಕ್ಕು" ಎಂದರು ಅಪ್ಪ.

ಬ್ರಿಡ್ಜು ಎಂಬ ಪದ ಇನಿಗೆ ತಿಳಿದಿರಬೇಕು. ಮೊಮ್ಮಗಳ ಹತ್ತಿರ ಏನೋ ಕೇಳಿದಳು, ಮಾರ್ತಾ ಅದನ್ನು ನನಗೆ ಹೇಳಿದಳು. "ದಾರಿಯಲ್ಲಿ ನೀರು ಇದ್ಯಾ ಅಂತ ಕೇಳ್ತಾರೆ" ಎಂದೆ ನಾನು. ಕೊಲ್ಲಿಯನ್ನು ದಾಟದೆ ಏರ್‌ಪೋರ್ಟು ಎಲ್ಲಿಂದ ಬರಬೇಕು. ಇದೆ ಎಂದ ಮೇಲೆ ಇನಿ ಇನ್ನೂ ಗಟ್ಟಿಯಾಗಿ ನಿಂತಳು. ಅಷ್ಟರಲ್ಲಿ ಅವಳ ಮಗ ಬಂದು ರಟ್ಟೆ ಹಿಡಿದು ಏನೋ ಹೇಳಿದ. ಪಾಸ್ಟರ್ ಕೇಳಿದರೆ ಏನಂದಾರು ಎನ್ನುತ್ತಿದ್ದಾನೆ ಎಂದಳು ಮಾರ್ತಾ. ಇನಿ ಕೈ ಕೊಡವಿಕೊಂಡಳು. ಆಮೇಲೆ ಅವಳು ನಿಧಾನವಾಗಿ ಆಡಿದ್ದನ್ನು ಮಾರ್ತಾ ತಲೆ ತಗ್ಗಿಸಿಕೊಂಡು ನನಗೆ ಹೇಳಿದಳು. ನಾನು ಅಜ್ಜಿಗೆ ಹೇಳಿದೆ.

"ಅವರ ಹಸ್ಬೆಂಡು ಒಂದು ದಿನ ಅರ್ಜೆಂಟಲ್ಲಿ, ಇವರು ಕೊಟ್ಟ ಊಟ ಮುಟ್ಟದೇ ಬೋಟಲ್ಲಿ ಹೋದ್ರಂತೆ. ನದಿಯಿಂದ ವಾಪಸ್ ಬರ್ಲೇ ಇಲ್ವಂತೆ. ಇದನ್ನ ನಂಬೋದು ತಪ್ಪಾದ್ರೆ ದೇವರ ಹತ್ರ ನಾನು ಮಾತಾಡ್ಕೋತೀನಿ, ಇವರು ಮುಟ್ಟಲಿ ಅಷ್ಟೇ ಅಂತಾರೆ."

ಅಪ್ಪ ಕೈಗಡಿಯಾರ ನೋಡುವುದನ್ನು ಬಿಟ್ಟರು. ಅಜ್ಜಿಯ ಹಟ ನನಗೆ ಗೊತ್ತಿತ್ತು. ಜ್ವರ ಬಂದಾಗಲೂ ಏಕಾದಶಿ ಮುರಿದವಳಲ್ಲ. ನನಗೆ ಹೆದರಿಕೆಯಾಯಿತು, ಇನಿ ಹೇಳಿದ ನೀರಿನದೂ, ಇಬ್ಬರೂ ಮುನಿಸಿಕೊಂಡು ಬೇರೆಯಾಗುವುದರದೂ.

"ಅಜ್ಜಿ, ಅನ್ನ ಬೇಡ. ಹೊರಗಿಂದು ಮುಟ್ಟಿದ್ರೂ ನಡಿಯತ್ತೆ. ನಾನು ಯಾವಾಗ್ಲೂ ಪ್ಲೇಟ್ ಮಾತ್ರ ಟಚ್ ಮಾಡೋದು."

ಅಜ್ಜಿ ನನ್ನ ಕಡೆ ತಿರುಗಿದಳು. "ಯಾವ ಪ್ಲೇಟು, ಅದರಾಗ ಏನಿತ್ತು ಅಂತ ನಾ ಆಮ್ಯಾಲೆ ಕೇಳ್ತೀನಿ ನಿನಗ."

ಬಾಗಿಲು ತೆರೆದು ಸೆರಗು ಸರಿಮಾಡಿಕೊಂಡು ಇಳಿದಳು. ಬಿದಿರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಅದರ ಬಾಯಿಗೆ ಬಾಳೆಲೆಯನ್ನು ಬಿಗಿಯಾಗಿ ತುರುಕಿದ್ದರು, ಒಂದಗುಳೂ ಕಾಣುತ್ತಿರಲಿಲ್ಲ.

"ಅನ್ನ ಮುಟ್ಟಿದ್ರ ಮುಸುರಿ, ಬಿದಿರಿಗೆ ಎಲ್ಲೀ ಮುಸುರಿ" ಎಂದು ತನಗೆ ತಾನೇ ಹೇಳಿಕೊಂಡು, ಎರಡು ಬೆರಳಿನಿಂದ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಇನಿಯ ಮುಖ ಸಡಿಲಾಯಿತು. ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು ತನ್ನ ಉದ್ದನೆಯ ಪ್ರಾರ್ಥನೆ ಶುರು ಮಾಡಿದಳು. ಅಪ್ಪ ಎಂಜಿನ್ನು ಆರಿಸಿ ಕಾದರು. ಇನಿ ಆಮೆನ್ ಎಂದಾಗ ಅಜ್ಜಿ ಶ್ರೀಕೃಷ್ಣಾರ್ಪಣಮಸ್ತು ಎಂದಳು.

ಅಜ್ಜಿ ಸುಖವಾಗಿ ಊರು ಸೇರಿದಳು. ಮೊದಲ ಫೋನಿನಲ್ಲೇ, "ಬಂದು ಸೇರಿದೆ ಅಂತ ಮದಲ ಆಕಿಗೆ ಹೇಳ್ರಿ" ಎಂದಳು. ಕೇಳಿದ ಇನಿ, ನನಗೆ ಗೊತ್ತಿತ್ತು ಎನ್ನುವ ಹಾಗೆ ತಲೆಯಾಡಿಸಿ ಪೊರಕೆ ಎತ್ತಿಕೊಂಡಳು.

ಈಗ ಇಬ್ಬರೂ ಇಲ್ಲ. ನಾನು ಸ್ಯಾನ್ ಹೊಸೆಯಲ್ಲಿದ್ದೇನೆ, ಮಾರ್ತಾ ಮಾರ್ಗನ್ ಹಿಲ್ಲಿನಲ್ಲಿ ಮನೆ ಮಾಡಿದ್ದಾಳೆ. ಅವಳ ಗೋಡೆಯ ಮೇಲೂ ಆ ಶಿಲುಬೆ, ಆ ಬಟ್ಟೆ ಇವೆ. ಬಟ್ಟೆಗೆ ಈಗ ಗಾಜಿನ ಚೌಕಟ್ಟು ಹಾಕಿಸಿದ್ದಾಳೆ. ಮೊನ್ನೆ ಅವಳಲ್ಲಿಗೆ ಹೋದಾಗ ಹೊರಡುವ ಹೊತ್ತಿಗೆ ತಟ್ಟೆಯಲ್ಲಿ ಕೇಕು ತಂದಿಟ್ಟಳು. ಹೊಟ್ಟೆ ತುಂಬಿದೆ, ಬೇಡ ಮಾರಾಯ್ತಿ ಎಂದೆ. ಅವಳಿಗೆ ಈಗ ಅಷ್ಟು ಕನ್ನಡ ಬರುತ್ತದೆ. ಪರವಾಗಿಲ್ಲ ಎಂದು ನಕ್ಕು, ನಾನು ಅಂಚು ಮುಟ್ಟುವ ಮೊದಲೇ ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದಳು.

ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಂಡೆ. ಸ್ವಲ್ಪ ಹೊತ್ತು ಎಂಜಿನ್ನು ಶುರು ಮಾಡಲಿಲ್ಲ. ಮಾರ್ತಾಳ ಮನೆಯ ಬಾಗಿಲು ಮುಚ್ಚಿಯೇ ಇತ್ತು. ಫ್ರೀವೇ ಸೇರುವವರೆಗೂ ಹಿಂದಿನದನ್ನು ತೋರಿಸುವ ಕನ್ನಡಿಯನ್ನೇ ನೋಡುತ್ತಿದ್ದೆ. ಯಾರೂ ಓಡಿ ಬರಲಿಲ್ಲ.